ವಿಕ್ಟೋರಿಯಾ ಜಲಪಾತಕ್ಕೆ ಹೊರಟವರೇ, ‘ಎರಡೂ ಬದಿ’ ತೋರಿಸುತ್ತೇನೆ ಎನ್ನುವವನಿಗೆ ಮುಂಗಡ ಕೊಡಬೇಡಿ

ಮೊದಲು ವಿಷಯ ಹೇಳಿಬಿಡುತ್ತೇನೆ, ಉಳಿದದ್ದು ಆಮೇಲೆ. ಜಲಪಾತ ಇರುವುದು ಜಾಂಬಿಯಾ ಮತ್ತು ಜಿಂಬಾಬ್ವೆ ದೇಶಗಳ ಗಡಿಯಲ್ಲಿ. ಆ ಎರಡರ ನಡುವಿನ ಸೇತುವೆಯ ಮೇಲೆ ನಡೆದಾಡಿ ಬರಲು ಗಡಿಯ ವಲಸೆ ಕೌಂಟರಿನಲ್ಲಿ ಒಂದು ಚೀಟಿ ಕೊಡುತ್ತಾರೆ. ಬ್ರಿಜ್ ಪಾಸ್ ಎಂದು ಅದರ ಹೆಸರು. ಅದು ಪುಕ್ಕಟೆ. ಪಾಸ್‌ಪೋರ್ಟ್ ತೋರಿಸಿ ಕೇಳಿದರೆ ಸಾಕು, ಕೊಡುತ್ತಾರೆ. ಆ ಪುಕ್ಕಟೆ ಚೀಟಿ ಹಿಡಿದುಕೊಂಡು, 520 ಡಾಲರ್ ಕಳೆದುಕೊಂಡು, ನಾವು ನಾಲ್ವರು ಗೆಳತಿಯರು ಜಿಂಬಾಬ್ವೆಯ ಕೌಂಟರಿನ ಮುಂದೆ ಪೆಚ್ಚಾಗಿ ನಿಂತಿದ್ದೆವು.

ಇದು ನಡೆದದ್ದು 2019ರ ಅಕ್ಟೋಬರ್‌ನಲ್ಲಿ. ಇಷ್ಟು ವರ್ಷ ನಾಚಿಕೆಯಿಂದ ಯಾರಿಗೂ ಹೇಳಿರಲಿಲ್ಲ. ಕಳೆದ ವಾರ ಪರಿಚಿತರೊಬ್ಬರು ಫೋನ್ ಮಾಡಿ, ಅಕ್ಟೋಬರ್‌ಗೆ ಹೊರಟಿದ್ದೇವೆ, ಅಲ್ಲಿ ಒಬ್ಬ ಏಜೆಂಟ್ ಸಿಕ್ಕಿದ್ದಾನೆ, ‘ಎರಡೂ ಬದಿ, ಎಲ್ಲ ಸೇರಿ’ ಎಂದಿದ್ದಾನೆ ಎಂದರು. ಅದೇ ಮಾತು. ಅದೇ ‘ಎರಡೂ ಬದಿ’. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಆಗ ನಾನು ಕೆಲಸದ ಮೇಲೆ ಜಾಂಬಿಯಾದ ರಾಜಧಾನಿ ಲುಸಾಕಾದಲ್ಲಿದ್ದೆ. ಕಾಲೇಜಿನ ಮೂವರು ಗೆಳತಿಯರು ಬೆಂಗಳೂರಿನಿಂದ ಬಂದರು. ಅವರ ಬಳಿ ಜಾಂಬಿಯಾಕ್ಕೆ ಒಂದೇ ಬಾರಿ ಪ್ರವೇಶಿಸಬಹುದಾದ ವೀಸಾ ಇತ್ತು. ಈ ಮಾತು ನೆನಪಿಡಿ, ಮುಂದೆ ಬೇಕಾಗುತ್ತದೆ. ಲುಸಾಕಾದಿಂದ ಜಲಪಾತಕ್ಕೆ ಹತ್ತಿರದ ಲಿವಿಂಗ್‌ಸ್ಟನ್ ಪಟ್ಟಣಕ್ಕೆ ಸುಮಾರು 480 ಕಿಲೋಮೀಟರ್ ಬಸ್ ಪ್ರಯಾಣ. ಪರಿಚಯದವರ ಪರಿಚಯ ಎಂದು ಒಬ್ಬ ಏಜೆಂಟಿನ ನಂಬರ್ ಸಿಕ್ಕಿತ್ತು. ತಲೆಗೆ 130 ಡಾಲರ್: ಗಾಡಿ, ಎರಡೂ ಬದಿಯ ಪ್ರವೇಶ, ಗಡಿಯ ಕಾಗದಪತ್ರ, ಎಲ್ಲವೂ ಅದರಲ್ಲೇ ಎಂದ. ಜೊತೆಗೊಂದು ಚಿತ್ರ ಕಳಿಸಿದ. ಅಂಚಿನಿಂದ ಅಂಚಿಗೆ ನೀರು, ಮೇಲೆ ಮೋಡದಂತೆ ತುಂತುರು. ಗುಡುಗುವ ಹೊಗೆ ಎಂಬ ಅರ್ಥದಲ್ಲಿ ಅಲ್ಲಿಯವರು ಮೋಸಿ-ಓವಾ-ತುನ್ಯಾ ಎಂದು ಯಾಕೆ ಕರೆಯುತ್ತಾರೆ ಎಂದು ಆ ಚಿತ್ರ ನೋಡಿದರೆ ತಿಳಿಯುತ್ತಿತ್ತು.

ಆ ಚಿತ್ರ ಏಪ್ರಿಲ್‌ ತಿಂಗಳಿನದು. ಮಳೆಗಾಲ ಮುಗಿದ ಮೇಲೆ, ಮೇಲ್ದಂಡೆಯ ಬಯಲುಗಳಲ್ಲಿ ನಿಂತ ನೀರು ಇಳಿದು ಬಂದಾಗ ಜಾಂಬೆಜಿ ನದಿ ತುಂಬಿ ಹರಿಯುವ ತಿಂಗಳು. ಅಕ್ಟೋಬರ್, ನವೆಂಬರ್ ಎಂದರೆ ಅದೇ ನದಿ ತಳ ಕಾಣುವ ಕಾಲ. ಆಗ ಜಾಂಬಿಯಾ ಕಡೆಯ ಜಲಪಾತ ಹೆಚ್ಚುಕಡಿಮೆ ಒಣಗಿಬಿಡುತ್ತದೆ. ಇದ್ದಬದ್ದ ನೀರು ಜಿಂಬಾಬ್ವೆ ಕಡೆಗೆ ಬೀಳುತ್ತದೆ. 2019ರಲ್ಲಂತೂ ಬರ. ಕರೀಬಾ ಜಲಾಶಯ ತಗ್ಗಿ ಲುಸಾಕಾದ ನಮ್ಮ ಮನೆಯಲ್ಲೇ ದಿನಕ್ಕೆ ಗಂಟೆಗಟ್ಟಲೆ ಕರೆಂಟ್ ಇರುತ್ತಿರಲಿಲ್ಲ. ನನಗೆ ಹೊಳೆಯಬೇಕಿತ್ತು. ನಾನು ಸಾಗರದವಳು. ಬೇಸಿಗೆಯಲ್ಲಿ ಜೋಗ ನೋಡಲು ಬರುತ್ತೇವೆ ಎಂದ ನೆಂಟರಿಗೆ ‘ಈಗ ಬರಿಯ ಬಂಡೆ, ಮಳೆಗಾಲದಲ್ಲಿ ಬನ್ನಿ’ ಎಂದು ಹೇಳುತ್ತಲೇ ಬೆಳೆದವಳು. ನನಗೇ ಹೊಳೆಯಲಿಲ್ಲ.

ಜಾಂಬಿಯಾ ಕಡೆ ಅವನೇ ಟಿಕೆಟ್ ಕೊಂಡ. ಆಗ ವಿದೇಶಿಯರಿಗೆ ತಲೆಗೆ 20 ಡಾಲರ್. ಅವನು ನಮಗಾಗಿ ಖರ್ಚು ಮಾಡಿದ್ದು ಅಷ್ಟೇ ಮತ್ತು ಟ್ಯಾಕ್ಸಿ ಬಾಡಿಗೆ. ಒಳಗೆ ಹೋದರೆ ಕಪ್ಪು ಬಂಡೆಯ ಗೋಡೆ. ನೂರು ಮೀಟರಿಗೂ ಮಿಕ್ಕಿದ ಎತ್ತರದ ಬೋಳು ಗೋಡೆ, ದೂರದಲ್ಲಿ ಎರಡೋ ಮೂರೋ ಬಿಳಿಯ ಎಳೆ. ಮೈಸೂರಿನ ಗೆಳತಿ ಕ್ಯಾಮೆರಾ ಎತ್ತಿದವಳು ಹಾಗೇ ಕೆಳಗಿಳಿಸಿದಳು. ‘ನೀರೆಲ್ಲಾ ಆ ಕಡೆ ಇದೆ, ಈಗ ಅಲ್ಲಿಗೇ ಹೋಗುವುದು’ ಎಂದ ಏಜೆಂಟ್. ನಾವು ನಂಬಿದೆವು. ಅದು ನಿಜವೂ ಆಗಿತ್ತಲ್ಲ!

ಅವನ ಚಾಲಾಕು ಇರುವುದೇ ಇಲ್ಲಿ. ಅವನು ಹೇಳಿದ್ದರಲ್ಲಿ ಮುಕ್ಕಾಲು ಪಾಲು ನಿಜ. ಜಿಂಬಾಬ್ವೆಯಲ್ಲಿ ಪರಿಸ್ಥಿತಿ ಸರಿಯಿಲ್ಲ ಎಂದ, ನಿಜ. ಆ ವರ್ಷದ ಜನವರಿಯಲ್ಲಿ ಪೆಟ್ರೋಲ್ ಬೆಲೆ ಏರಿಸಿದ್ದಕ್ಕೆ ಗಲಭೆಯಾಗಿ ಜನ ಸತ್ತಿದ್ದರು. ಅಲ್ಲಿ ಡಾಲರ್ ವ್ಯವಹಾರ ನಿಷೇಧಿಸಿದ್ದಾರೆ ಎಂದ, ಅದೂ ನಿಜ, ಜೂನ್‌ನಲ್ಲಿ ನಿಷೇಧಿಸಿದ್ದರು. ಆದ್ದರಿಂದ ‘ಗಡಿಯಲ್ಲಿ ಯಾರ ಜೊತೆಗೂ ಮಾತಾಡಬೇಡಿ, ಏನೂ ಕೇಳಬೇಡಿ, ಡಾಲರ್ ಹೊರಗೆ ತೆಗೆಯಬೇಡಿ, ನನ್ನ ಕಾಗದ ತೋರಿಸಿ ಸಾಕು’ ಎಂದ. ಆ ಒಂದು ಮಾತು ಸುಳ್ಳು. ಮೂರು ನಿಜದ ಹಿಂದೆ ಬಂದದ್ದರಿಂದ ಅದೂ ನಿಜದಂತೆ ಕೇಳಿಸಿತು. ನಾವು ಹೆದರಿ ಬಾಯಿ ಮುಚ್ಚಿಕೊಂಡೆವು. ಒಬ್ಬ ಅಧಿಕಾರಿಯನ್ನಾದರೂ ಕೇಳಿದ್ದರೆ ಅಲ್ಲೇ ಬಯಲಾಗುತ್ತಿತ್ತು. ನಮ್ಮ ಪಾಸ್‌ಪೋರ್ಟುಗಳನ್ನು ತಾನೇ ಕೌಂಟರಿಗೆ ಒಯ್ದು, ಚೀಟಿ ತಂದು ನನ್ನ ಕೈಗಿಟ್ಟು, ‘ಗಾಡಿ ಸೇತುವೆ ದಾಟುವುದಿಲ್ಲ, ನೀವು ನಡೆಯಿರಿ, ಆ ಕಡೆ ನನ್ನ ಹುಡುಗ ಕಾಯುತ್ತಿದ್ದಾನೆ’ ಎಂದ.

ನಡೆದೆವು. ಸುಡುವ ಬಿಸಿಲು. 1905ರಲ್ಲಿ ಕಟ್ಟಿದ ಉಕ್ಕಿನ ಸೇತುವೆ, ಒಂದೆಡೆ ರೈಲು ಹಳಿ, 128 ಮೀಟರ್ ಕೆಳಗೆ ನದಿ. ಲಾರಿ ಬಂದಾಗ ಕಾಲಡಿಯ ತಗಡು ನಡುಗುತ್ತದೆ. ಒಬ್ಬ ಹುಡುಗ ಜಿಂಬಾಬ್ವೆಯ ಹಳೆಯ ನೋಟು ಹಿಡಿದು ಬೆನ್ನು ಬಿದ್ದ. ಒಂದರ ಮುಂದೆ ಹದಿನಾಲ್ಕು ಸೊನ್ನೆ, 2009ರ ಆಸುಪಾಸಿನಲ್ಲಿ ಆ ದೇಶದ ಹಣಕ್ಕೆ ಬೆಲೆಯೇ ಇಲ್ಲದಿದ್ದಾಗಿನದು. ನಾವು ಕೊಳ್ಳಲಿಲ್ಲ.

ಜಿಂಬಾಬ್ವೆಯ ಕೌಂಟರಿನಲ್ಲಿ ನಾನು ಆ ಚೀಟಿಯನ್ನು ಒಳಕ್ಕೆ ತಳ್ಳಿದೆ. ಅಲ್ಲಿದ್ದಾಕೆ ಅದನ್ನು ನೋಡಿ, ನನ್ನನ್ನು ನೋಡಿ, ‘ವೀಸಾ ಎಲ್ಲಿ?’ ಎಂದರು. ಇದೇ ಅಲ್ಲವೇ ಎಂದೆ. ಆಕೆ ಚೀಟಿಯನ್ನು ನನ್ನತ್ತ ತಿರುಗಿಸಿ ಬೆರಳಿಟ್ಟು ತೋರಿಸಿದರು. ಅಂಗೈಯಷ್ಟು ಕಾಗದ. ಒಂದು ಸೀಲು, ಪೆನ್ನಿನಲ್ಲಿ ಬರೆದ 4 ಎಂಬ ಅಂಕಿ. ‘ಇದು ಸೇತುವೆಗೆ ಮಾತ್ರ. ಇದಕ್ಕೆ ದುಡ್ಡಿಲ್ಲ. ನೀವು ಯಾರಿಗಾದರೂ ದುಡ್ಡು ಕೊಟ್ಟಿರಾ?’ ಎಂದು ಮೆಲ್ಲಗೆ ಕೇಳಿದರು. ನಾನು ಉತ್ತರಿಸಲಿಲ್ಲ. ಹಿಂದೆ ಮೂವರೂ ನಿಂತಿದ್ದರು. ನಾನು ಅಲ್ಲಿನವಳು, ಎಲ್ಲ ಗೊತ್ತಿರುವವಳು ಎಂದು ನಂಬಿ ಬಂದವರು.

ಬೇಕಿದ್ದರೆ ಅಲ್ಲೇ ವೀಸಾ ಕೊಳ್ಳಿ ಎಂದರು ಆಕೆ. ಆದರೆ ಗೆಳತಿಯರದು ಒಂದೇ ಪ್ರವೇಶದ ವೀಸಾ. ಗಡಿ ದಾಟಿದರೆ ಜಾಂಬಿಯಾಕ್ಕೆ ಮರಳಲು ಮತ್ತೊಂದು ವೀಸಾ ಬೇಕು. ಅಲ್ಲಿಯ ವೀಸಾ, ಅಲ್ಲಿಯ ಪ್ರವೇಶ ಶುಲ್ಕ, ಮರಳುವ ವೀಸಾ, ಅಷ್ಟು ಡಾಲರ್ ನಮ್ಮಲ್ಲಿ ಉಳಿದಿರಲಿಲ್ಲ. ಜಲಪಾತ ಅಲ್ಲಿಂದ ಕೂಗಳತೆಯ ದೂರದಲ್ಲಿತ್ತು. ಕಾಯುವ ಹುಡುಗನೂ ಇರಲಿಲ್ಲ.

ವಾಪಸ್ ಬರುವಾಗ ಆ ನೋಟಿನ ಹುಡುಗ ಮತ್ತೆ ಸಿಕ್ಕ. ಮೈಸೂರಿನವಳು ನೋಟನ್ನು ಕೈಗೆ ತೆಗೆದುಕೊಂಡು ಹಿಂಬದಿ ತಿರುಗಿಸಿದಳು. ಅಲ್ಲಿ ವಿಕ್ಟೋರಿಯಾ ಜಲಪಾತದ ಚಿತ್ರವಿದೆ, ಪಕ್ಕದಲ್ಲೊಂದು ಕಾಡೆಮ್ಮೆ. ಜಲಪಾತ ತುಂಬಿ ಸುರಿಯುತ್ತಿದೆ. ಸ್ವಲ್ಪ ಹೊತ್ತು ನೋಡಿ ಅವನಿಗೇ ಮರಳಿಸಿದಳು. ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಇನ್ನು ಅವನ ಉತ್ತರಗಳು. ವಾಟ್ಸ್‌ಆ್ಯಪ್‌ನಲ್ಲಿ ಬಂದದ್ದನ್ನು ಹಾಗೇ ಇಟ್ಟುಕೊಂಡಿದ್ದೇನೆ, ಕನ್ನಡದಲ್ಲಿ ಹೇಳುತ್ತೇನೆ. ಮೊದಲನೆಯದು: ‘ಸಿಸ್ಟರ್, ಗಡಿ ಇರುವುದು ಸೇತುವೆಯ ನಡುವೆ. ನೀವು ನಡು ದಾಟಿದಿರೋ ಇಲ್ಲವೋ? ಹಾಗಾದರೆ ಎರಡೂ ಬದಿ ಆಯಿತು.’ ಎರಡನೆಯದು: ‘ವೀಸಾ ಪ್ರಯಾಣಿಕರ ಹೊಣೆ.’ ಗಡಿಯ ಕಾಗದಪತ್ರವೆಲ್ಲ ನನ್ನದು ಎಂದು ಬರೆದಿದ್ದವನೂ ಇವನೇ! ಆ ಸಂದೇಶವನ್ನೇ ತಿರುಗಿ ಕಳಿಸಿದೆ. ‘ಕಾಗದ ಕೊಟ್ಟೆನಲ್ಲ’ ಎಂದ. ನೀರಿಲ್ಲದ ಕಾಲಕ್ಕೆ ನೀರಿರುವ ಚಿತ್ರ ಯಾಕೆ ಕಳಿಸಿದೆ ಎಂದರೆ, ‘ಚಿತ್ರ ಈ ಜಲಪಾತದ್ದೇ, ಬೇರೆಯದಲ್ಲ.’ ಹಣ ವಾಪಸ್ ಕೇಳಿದಾಗ, ‘ಇಲ್ಲಿ ಕರೆಂಟ್ ಇಲ್ಲ, ನಾಳೆ ಮಾತಾಡೋಣ.’ ನಾಳೆಯಿಂದ ಅವನ ಫೋನ್ ನನಗೆ ಸಿಗಲೇ ಇಲ್ಲ. ಹಣ ಹೋದದ್ದು ಒಂದು ತೂಕ, ‘ನಡು ದಾಟಿದಿರೋ ಇಲ್ಲವೋ’ ಎಂದು ಅವನು ಕೇಳಿದ್ದು ಇನ್ನೊಂದು ತೂಕ. ಆ ಮಾತು ಈಗಲೂ ಚುಚ್ಚುತ್ತದೆ.

ಹೋಗುವವರು ದಯವಿಟ್ಟು ತಿಂಗಳು ನೋಡಿ ಹೋಗಿ. ಮುಕ್ಕಾಲು ಜಲಪಾತ ಕಾಣುವುದು ಜಿಂಬಾಬ್ವೆ ಕಡೆಯಿಂದ. ಒಣಗಾಲದಲ್ಲಿ ಹೋಗಲೇಬೇಕಾದರೆ ಆ ಕಡೆಗೇ ಹೋಗಿ. ಎರಡೂ ಕಡೆ ನೋಡುವ ಆಸೆಯಿದ್ದರೆ ಎರಡು ದೇಶಕ್ಕೂ ನಡೆಯುವ ಕಾಜಾ ವೀಸಾ ಎಂಬುದೊಂದಿದೆ. ನಿಮ್ಮ ಪಾಸ್‌ಪೋರ್ಟಿಗೆ ಸಿಗುತ್ತದೆಯೇ, ಇಲ್ಲದಿದ್ದರೆ ಎರಡು ಬಾರಿಯ ಪ್ರವೇಶ ಸಿಗುತ್ತದೆಯೇ ಎಂದು ದೇಶದೊಳಗೆ ಕಾಲಿಡುವ ಮೊದಲೇ ಕೇಳಿಕೊಳ್ಳಿ. ಕೌಂಟರಿಗೆ ನೀವೇ ಹೋಗಿ. ಪಾಸ್‌ಪೋರ್ಟ್ ಯಾರ ಕೈಗೂ ಕೊಡಬೇಡಿ. ಯಾರೊಂದಿಗೂ ಮಾತಾಡಬೇಡಿ ಎನ್ನುವವನು ಸಿಕ್ಕರೆ ಎದುರಿಗೆ ಸಿಕ್ಕ ಮೊದಲ ಅಧಿಕಾರಿಯೊಂದಿಗೆ ಮಾತಾಡಿ.

ಕಳೆದ ವಾರ ಫೋನ್ ಮಾಡಿದವರಿಗೆ ಇದೆಲ್ಲವನ್ನೂ ಹೇಳಿದೆ. ಅವರು ಆಗಲೇ ಅರ್ಧ ಹಣ ಕಳಿಸಿಬಿಟ್ಟಿದ್ದಾರೆ. ಇನ್ನರ್ಧ ಕಳಿಸಬೇಡಿ ಎಂದಿದ್ದೇನೆ.