ಒಂದೇ ದಿನದಲ್ಲಿ ಹೊಳಪು ತರ್ತೀವಿ ಅಂದವರು ನಮ್ಮ ಮಾರ್ಬಲ್ ನೆಲಕ್ಕೆ ಮಾಡಿದ್ದು

ಮಾರ್ಬಲ್ ನೆಲ ಮಂಕಾಗಿದೆ, ಯಾರನ್ನಾದರೂ ಕರೆಸಿ ಪಾಲಿಶ್ ಮಾಡಿಸೋಣ ಅಂತ ಯೋಚಿಸುತ್ತಿದ್ದೀರಾ? ಇದನ್ನು ಓದಿ ಆಮೇಲೆ ಫೋನ್ ಮಾಡಿ. ನಮ್ಮ ಮನೆಯ ನೆಲವೂ ಮಂಕಾಗಿತ್ತು, ಅಷ್ಟೇ. ಹಾಳಾಗಿರಲಿಲ್ಲ. ಹಾಳಾಗಿದ್ದು ಪಾಲಿಶ್ ಮಾಡಿಸಿದ ಮೇಲೆ.

ಬಂದವರ ಮಾತು ಚೆನ್ನಾಗಿತ್ತು. ಫೋನಿನಲ್ಲಿ ಒಂದಷ್ಟು ಫೋಟೊ ತೋರಿಸಿದರು, ಕೆಲಸಕ್ಕೆ ಮುಂಚೆ, ಕೆಲಸ ಆದ ಮೇಲೆ ಅಂತ. "ಬೆಳಿಗ್ಗೆ ಶುರು ಮಾಡಿದ್ರೆ ಸಂಜೆಗೆ ಕನ್ನಡಿ ತರ ಮಾಡಿ ಕೊಡ್ತೀವಿ ಮೇಡಂ, ನಿಮಗೇನೂ ತೊಂದರೆ ಇರಲ್ಲ" ಅಂದರು. ನೆಲದ ಅಳತೆ ತೆಗೆದುಕೊಂಡರು. ಯಾವ ಕಲ್ಲು, ಎಷ್ಟು ಹಳೆಯದು, ಹಿಂದೆ ಏನಾದರೂ ಹಚ್ಚಿದ್ದಾರಾ, ಒಂದನ್ನೂ ಕೇಳಲಿಲ್ಲ. ಕಲ್ಲಿನ ಕೆಲಸ ಗೊತ್ತಿರುವವರು ಅಳತೆಗಿಂತ ಮೊದಲು ಕೇಳುವುದೇ ಇವನ್ನು. ಇದು ನನಗೆ ಗೊತ್ತಾಗಿದ್ದು ಎರಡನೇ ಸಲ ಬೇರೆಯವರನ್ನು ಕರೆಸಿದಾಗ.

ಕೆಲಸದ ದಿನ ಒಂದು ಕ್ಯಾನ್ ತಂದರು. ಮೇಲೆ ಚೀಟಿ ಇಲ್ಲ, ಹೆಸರಿಲ್ಲ. ಇದೇನು ಅಂದೆ. "ಮಾರ್ಬಲ್ ಕ್ಲೀನರ್ ಮೇಡಂ, ಕಂಪನೀದು." ಯಾವ ಕಂಪನಿ ಅಂದರೆ ನಕ್ಕರು. ಬಕೆಟ್ ನೀರಿಗೆ ಬೆರೆಸಿ ಹಾಲ್ ತುಂಬ ಸುರಿದು, ಉದ್ದ ಹಿಡಿಯ ಬ್ರಶ್ಶಿನಲ್ಲಿ ತಿಕ್ಕಲು ಶುರು ಮಾಡಿದರು. ನೆಲದ ಮೇಲೆ ಸಣ್ಣ ಸದ್ದು, ಚುರ್ ಅಂತ. ಬಿಳಿ ನೊರೆ ಉಕ್ಕಿತು. ಮೂಗಿಗೆ ಘಾಟು ಹೊಡೆದು ಕಣ್ಣಲ್ಲಿ ನೀರು. "ನೋಡಿ, ಕೊಳೆ ಹೇಗೆ ಬಿಡ್ತಾ ಇದೆ!" ಅಂದರು ಹೆಮ್ಮೆಯಿಂದ.

ಅದು ಕೊಳೆ ಅಲ್ಲ. ಕ್ಯಾನಿನಲ್ಲಿ ಇದ್ದದ್ದು ಆಸಿಡ್, ಕರಗುತ್ತಿದ್ದದ್ದು ನಮ್ಮ ನೆಲವೇ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಎಲ್ಲ ತೊಂದರೆಯ ಬೇರು ಇಲ್ಲೇ ಇರುವುದು. ಮಾರ್ಬಲ್ ಅಂದರೆ ಹೆಚ್ಚಾಗಿ ಕ್ಯಾಲ್ಸಿಯಂ ಕಾರ್ಬೊನೇಟ್. ಸುಣ್ಣದ ಕಲ್ಲು ಭೂಮಿಯ ಒಳಗೆ ಶಾಖಕ್ಕೂ ಒತ್ತಡಕ್ಕೂ ಸಿಕ್ಕಿ ಮಾರ್ಬಲ್ ಆಗುತ್ತದೆ. ಇದರ ಮೇಲೆ ಹೈಡ್ರೋಕ್ಲೋರಿಕ್ ಆಸಿಡ್ ಬಿದ್ದರೆ ಕಲ್ಲು ಕ್ಯಾಲ್ಸಿಯಂ ಕ್ಲೋರೈಡ್ ಅನ್ನುವ ಉಪ್ಪಾಗಿ ನೀರಿನಲ್ಲಿ ಕರಗಿ ಹೋಗುತ್ತದೆ. ಜೊತೆಗೆ ಹುಟ್ಟುವ ಕಾರ್ಬನ್ ಡೈಆಕ್ಸೈಡ್ ಗುಳ್ಳೆಯಾಗಿ ಮೇಲೇಳುತ್ತದೆ. ನೊರೆ ಅಂದರೆ ಅದೇ. ಭೂವಿಜ್ಞಾನ ಓದುವವರು ಸಿಕ್ಕಿದ ಕಲ್ಲು ಸುಣ್ಣದ ಜಾತಿಯದಾ ಅಂತ ನೋಡಲು ಒಂದು ಹನಿ ಆಸಿಡ್ ಬಿಟ್ಟು ನೊರೆ ಬರುತ್ತಾ ಅಂತ ಪರೀಕ್ಷೆ ಮಾಡುತ್ತಾರೆ. ನಮ್ಮ ಮನೆಯಲ್ಲಿ ಆ ಪರೀಕ್ಷೆ ಇಡೀ ಹಾಲ್‌ಗೆ ನಡೆಯಿತು.

ಮಾರ್ಬಲ್ ಒಂದೇ ಅಲ್ಲ. ಲೈಮ್‌ಸ್ಟೋನ್, ಟ್ರಾವರ್ಟೀನ್, ಆನಿಕ್ಸ್ ನೆಲಗಳಿಗೂ ಇದೇ ಗತಿ. ಕೋಟಾ ಕಲ್ಲು, ಕಡಪ ಕಲ್ಲು ನೋಡಲು ಗಟ್ಟಿ, ಕಪ್ಪು, ಒರಟು ಅನ್ನಿಸಬಹುದು. ಆದರೆ ಅವೂ ಸುಣ್ಣದ ಕಲ್ಲಿನ ಜಾತಿಯೇ. ಆಸಿಡ್ ಬಿದ್ದರೆ ಬೂದಿ ಬಣ್ಣಕ್ಕೆ ತಿರುಗುತ್ತವೆ.

ಆಸಿಡ್ ಹಾಕಿ ಅಮೃತಶಿಲೆ ತೊಳೆಯುವುದು ಹೊಸ ದಡ್ಡತನವೂ ಅಲ್ಲ. ಫ್ಲಾರೆನ್ಸ್‌ನಲ್ಲಿರುವ ಮೈಕೆಲಾಂಜೆಲೋನ ಡೇವಿಡ್ ಶಿಲ್ಪವನ್ನೇ 1843ರಲ್ಲಿ ಹೈಡ್ರೋಕ್ಲೋರಿಕ್ ಆಸಿಡ್ ಹಾಕಿ ತೊಳೆದಿದ್ದರು. ಮೇಲಿನ ನಯವಾದ ಪದರ ಹೋಗಿ ಕಲ್ಲು ಒರಟಾಯಿತು. ಮುಂದೆ 2003–04ರಲ್ಲಿ ಅದೇ ಶಿಲ್ಪವನ್ನು ಶುಚಿ ಮಾಡಿದಾಗ ಬಳಸಿದ್ದು ಬಟ್ಟಿ ಇಳಿಸಿದ ನೀರಿನಲ್ಲಿ ನೆನೆಸಿದ ಲೇಪಗಳನ್ನು. ಜಗತ್ತಿನ ಅಷ್ಟು ದೊಡ್ಡ ಶಿಲ್ಪಕ್ಕೇ ಆಸಿಡ್ ಸುರಿದವರಿದ್ದರು ಅಂದಮೇಲೆ ನಮ್ಮ ಹಾಲ್ ಯಾವ ಲೆಕ್ಕ, ಅಲ್ವಾ?

ನೆಲ ಒಣಗಿದಾಗ ಹಾಲ್ ಪೂರ್ತಿ ಸುಣ್ಣ ಬಳಿದಂತೆ ಬಿಳಿಚಿಕೊಂಡಿತ್ತು. ಕೈ ಆಡಿಸಿದರೆ ತರಿತರಿ. ಮಷಿನ್ ಹಾಕಿದ ಮೇಲೆ ಸರಿ ಹೋಗುತ್ತೆ ಅಂದರು. ಮಷಿನ್ ಹಾಕಿದ್ದೂ ಒಂದು ಶಾಸ್ತ್ರಕ್ಕೆ.

ಕಲ್ಲಿಗೆ ನಿಜವಾದ ಹೊಳಪು ಬರುವುದು ಉಜ್ಜುವುದರಿಂದ. ಮಷಿನ್ ಅಡಿಗೆ ಡೈಮಂಡ್ ಪ್ಯಾಡ್ ಹಾಕಿ, ನೀರು ಬಿಡುತ್ತಾ, ಒರಟಿನಿಂದ ನಯದ ಕಡೆಗೆ ಹೋಗಬೇಕು. ಪ್ಯಾಡ್‌ಗಳಿಗೆ ನಂಬರ್ ಇರುತ್ತದೆ: 50, 100, 200, 400, 800, 1500, 3000. ನಂಬರ್ ಏರಿದಷ್ಟೂ ಪ್ಯಾಡ್ ನಯ. ಪ್ರತಿ ನಂಬರಿನ ಕೆಲಸ ಒಂದೇ, ಹಿಂದಿನ ನಂಬರ್ ಬಿಟ್ಟ ಗೀರನ್ನು ಅಳಿಸಿ ಅದಕ್ಕಿಂತ ಸಣ್ಣ ಗೀರು ಬಿಡುವುದು. ಕೊನೆಗೆ ಗೀರು ಕಣ್ಣಿಗೆ ಕಾಣದಷ್ಟು ಸಣ್ಣದಾದಾಗ ಬೆಳಕು ಚೆದುರದೆ ಸೀದಾ ವಾಪಸ್ ಬರುತ್ತದೆ. ಹೊಳಪು ಅನ್ನುವುದು ಇದಕ್ಕೇ. ಎಲ್ಲ ನೆಲಕ್ಕೂ ಮೊದಲ ನಂಬರಿನಿಂದಲೇ ಶುರು ಮಾಡಬೇಕು ಅಂತಿಲ್ಲ. ಸುಮ್ನೆ ಮಂಕಾಗಿದ್ದರೆ 400ರಿಂದಲೂ ಹೊರಡಬಹುದು. ಆದರೆ ಹೊರಟ ಮೇಲೆ ನಡುವೆ ಹಾರಬಾರದು. ಹಾರಿದರೆ ಹಿಂದಿನ ಒರಟು ಗೀರು ಹಾಗೇ ಉಳಿಯುತ್ತದೆ, ಮೇಲಿನ ನಯವಾದ ಪ್ಯಾಡ್ ಎಷ್ಟು ತಿರುಗಿಸಿದರೂ ಹೋಗುವುದಿಲ್ಲ.

ನಮ್ಮಲ್ಲಿ ಒರಟು ಪ್ಯಾಡ್ ಒಂದು ಸುತ್ತು, ಆಮೇಲೆ ಏನೋ ಬಿಳಿ ಪುಡಿ ಹಾಕಿ ಇನ್ನೊಂದು ಸುತ್ತು. ಮುಗಿಯಿತು. ಗೋಡೆಯ ಪಕ್ಕ ಮಷಿನ್ ತಲುಪದ ಜಾಗವನ್ನು ಕೈ ಮಷಿನ್‌ನಲ್ಲಿ ಮಾಡಬೇಕಿತ್ತು. ಮುಟ್ಟಲೇ ಇಲ್ಲ. ಈಗಲೂ ಒಂದು ಕೋಣೆಯಲ್ಲಿ ಸ್ಕರ್ಟಿಂಗ್ ಉದ್ದಕ್ಕೂ ಬಿಳಿ ಪಟ್ಟಿ ಹಾಗೇ ಇದೆ.

ಸಂಜೆ ಹೊತ್ತಿಗೆ ಇನ್ನೊಂದು ಕ್ಯಾನ್ ಬಂತು. ಹಾಲಿನ ಬಣ್ಣದ ದ್ರವ. ಮಾಪ್‌ನಲ್ಲಿ ಅದ್ದಿ ನೆಲಕ್ಕೆಲ್ಲ ಎಳೆದರು. ಒಣಗುತ್ತಿದ್ದಂತೆ ನೆಲ ಫಳಫಳ. ಬಿಳಿಚಿದ್ದು, ತರಿತರಿ, ಗೀರು ಎಲ್ಲ ಮಾಯ. ಫೋಟೊ ತೆಗೆದುಕೊಂಡರು, ದುಡ್ಡು ತೆಗೆದುಕೊಂಡರು, ಹೋದರು. ನಮ್ಮ ನೆಲದ ಫೋಟೊ ಈಗ ಇನ್ಯಾರಿಗೋ ತೋರಿಸುತ್ತಿರಬೇಕು.

ಆ ದ್ರವ ಪಾಲಿಶ್ ಅಲ್ಲ, ಅಕ್ರಿಲಿಕ್ ಕೋಟಿಂಗ್. ಅಂದರೆ ಪ್ಲಾಸ್ಟಿಕ್‌ನ ತೆಳು ಪದರ. ಹೊಳೆಯುತ್ತಿದ್ದದ್ದು ಅದು, ಕಲ್ಲಲ್ಲ. ಕೆಲವು ವಾರ ಚೆನ್ನಾಗಿತ್ತು. ಆಮೇಲೆ ಕುರ್ಚಿ ಎಳೆಯುವ ಕಡೆ ಗೀರು, ಓಡಾಡುವ ದಾರಿಯಲ್ಲಿ ಕಪ್ಪು. ಬಚ್ಚಲ ಬಾಗಿಲ ಹತ್ತಿರ ಪದರದ ಅಡಿಯಲ್ಲಿ ಬಿಳಿ ಮೋಡ ಕಟ್ಟಿತು. ಎಷ್ಟು ಒರೆಸಿದರೂ ಹೋಗದು. ಉಗುರಿನಿಂದ ಕೆರೆದರೆ ಪಾರದರ್ಶಕ ಸಿಪ್ಪೆ ಎದ್ದು ಬಂತು. ಅದರ ಕೆಳಗೆ ಬೆರಳಿಗೆ ಹತ್ತುವ ಹಿಟ್ಟಿನಂಥ ಬಿಳಿ ಪುಡಿ.

ಕಲ್ಲು ಉಸಿರಾಡುತ್ತದೆ ಅಂತ ಹಳೆಯ ಕೆಲಸಗಾರರು ಹೇಳುತ್ತಾರಲ್ಲ, ಅದರಲ್ಲಿ ಅರ್ಥವಿದೆ. ಕಲ್ಲಿನಲ್ಲಿ ಸಣ್ಣ ಸಣ್ಣ ರಂಧ್ರ ಇರುತ್ತವೆ. ಕೆಳಗಿನ ಗಾರೆಯಿಂದ ತೇವ ಮೇಲೆ ಬರುತ್ತದೆ, ಒಣಗಿ ಹೋಗುತ್ತದೆ. ಮೇಲೆ ಪ್ಲಾಸ್ಟಿಕ್ ಪದರ ಹಾಕಿದರೆ ತೇವಕ್ಕೆ ದಾರಿ ಇಲ್ಲ. ತೇವದ ಜೊತೆ ಬಂದ ಉಪ್ಪು ಪದರದ ಕೆಳಗೇ ಹರಳುಗಟ್ಟಿ ಪದರವನ್ನೂ ಎಬ್ಬಿಸುತ್ತದೆ, ಕಲ್ಲಿನ ಮೇಲ್ಮೈಯನ್ನೂ ಉದುರಿಸುತ್ತದೆ. ನಮ್ಮಲ್ಲಿ ಆಸಿಡ್ ಹಾಕಿ ಸರಿಯಾಗಿ ತೊಳೆಯದೆ ಬಿಟ್ಟಿದ್ದು ಬೇರೆ. ಕ್ಯಾಲ್ಸಿಯಂ ಕ್ಲೋರೈಡ್ ಗಾಳಿಯಲ್ಲಿರುವ ತೇವವನ್ನೇ ಎಳೆದುಕೊಳ್ಳುವ ಉಪ್ಪು.

ಆಸಿಡ್ ಹೊಗೆಯ ಗುರುತು ನೆಲದಲ್ಲಷ್ಟೇ ಉಳಿಯಲಿಲ್ಲ. ಬಾಗಿಲ ಕೀಲು, ಸ್ಟೀಲ್ ನಲ್ಲಿ, ಕುರ್ಚಿಯ ಕಾಲು, ಎಲ್ಲದರ ಮೇಲೂ ಕಂದು ಚುಕ್ಕೆ. ಸ್ಟೇನ್‌ಲೆಸ್ ಸ್ಟೀಲ್ ಕೂಡ ಈ ಹೊಗೆಗೆ ತುಕ್ಕು ಹಿಡಿಯುತ್ತದೆ.

ಫೋನ್ ಮಾಡಿದೆ. ಮೊದಲು "ನೀವು ನೀರು ಜಾಸ್ತಿ ಹಾಕಿ ಒರೆಸಿದ್ದೀರಿ" ಅಂದರು. ನೆಲವನ್ನು ನೀರು ಹಾಕಿ ಒರೆಸಬಾರದು ಅಂದರೆ ಇನ್ನೇನು ಹಾಕಿ ಒರೆಸಬೇಕೋ. ಮತ್ತೆ ಮಾಡಿದಾಗ "ಇನ್ನೊಂದು ಕೋಟ್ ಹೊಡೆದ್ರೆ ಸರಿ ಹೋಗುತ್ತೆ, ಅದಕ್ಕೆ ಬೇರೆ ಚಾರ್ಜ್" ಅಂದರು. ಆಮೇಲೆ ಫೋನ್ ಎತ್ತಲಿಲ್ಲ. ಬಿಲ್ ನೋಡಿದರೆ ಬರೆದಿದ್ದು "ನೆಲ ಪಾಲಿಶ್" ಅಂತ ಎರಡೇ ಪದ. ಏನು ಹಾಕಿದರು, ಎಷ್ಟು ನಂಬರ್ ಹೊಡೆದರು, ಯಾವುದಕ್ಕೂ ದಾಖಲೆ ಇಲ್ಲ. ಜಗಳ ಆಡಲೂ ಕೈಯಲ್ಲಿ ಏನೂ ಇಲ್ಲದ ಹಾಗಾಯಿತು.

ಎರಡನೇ ಸಲ ಬಂದವರು ವಯಸ್ಸಾದವರು. ಮಾತು ಕಡಿಮೆ. ಬಂದವರೇ ಟಾರ್ಚ್ ತೆಗೆದು ನೆಲಕ್ಕೆ ಒತ್ತಿ ಹಿಡಿದು ಬೆಳಕನ್ನು ಅಡ್ಡಕ್ಕೆ ಬಿಟ್ಟರು. ಮೇಲಿಂದ ನೋಡಿದರೆ ಕಾಣದ ಗೀರುಗಳೆಲ್ಲ ಸುತ್ತು ಸುತ್ತಾಗಿ ಎದ್ದು ಕಂಡವು. "ನಂಬರ್ ಹಾರಿಸಿದ್ದಾರಮ್ಮ" ಅಂದರು. ಬಾಗಿಲ ಹತ್ತಿರ ನೀರಿನ ಹನಿ ಬಿಟ್ಟು ಕಾದರು. ಪದರ ಇರುವ ಕಡೆ ಹನಿ ಹಾಗೇ ನಿಂತಿತು, ಸಿಪ್ಪೆ ಎದ್ದ ಕಡೆ ಕಲ್ಲು ಕುಡಿದು ಕಪ್ಪಾಯಿತು. ಮಂಚದ ಅಡಿಯ ಒಂದು ಕಲ್ಲನ್ನು ಮಾತ್ರ ಪೂರ್ತಿ ಮಾಡಿ ತೋರಿಸಿ, "ಇದು ಒಪ್ಪಿಗೆ ಆದ್ರೆ ಮಿಕ್ಕಿದ್ದು ಮಾಡ್ತೀನಿ. ಇದಕ್ಕಿಂತ ಚೆನ್ನಾಗಿ ಬರುತ್ತೆ ಅಂತ ಹೇಳಲ್ಲ" ಅಂದರು.

ಮೊದಲು ಸ್ಟ್ರಿಪ್ಪರ್ ಹಚ್ಚಿ ಕೋಟಿಂಗ್ ತೆಗೆದರು. ನೀರಿನಲ್ಲಿ ಹಲವು ಸಲ ತೊಳೆದು ಒಣಗಲು ಬಿಟ್ಟರು. ಒಂದು ದಿನದಲ್ಲಿ ಮುಗಿಯುವ ಕೆಲಸವೇ ಅಲ್ಲ ಇದು. ಸಂದುಗಳಲ್ಲಿ ಆಸಿಡ್ ತಿಂದು ಟೊಳ್ಳಾದ ಸಿಮೆಂಟನ್ನು ಕೆರೆದು ಹೊಸದಾಗಿ ತುಂಬಿದರು. ಆಮೇಲೆ ಮಷಿನ್. ಪ್ರತಿ ನಂಬರ್ ಆದ ಮೇಲೆ ಬಿಳಿ ರಾಡಿಯನ್ನು ಪೂರ್ತಿ ಎಳೆದು ತೆಗೆದು, ನೆಲ ಒರೆಸಿ, ಟಾರ್ಚ್ ಹಿಡಿದು ನೋಡಿ, ಮುಂದಿನ ಪ್ಯಾಡ್. ರಾಡಿ ಉಳಿದರೆ ಅದರಲ್ಲಿರುವ ಒರಟು ಕಣವೇ ಮತ್ತೆ ಗೀರುತ್ತದೆ ಅಂತೆ. 800 ಆದ ಮೇಲೆ ಕಿಟಕಿಯ ಸರಳು ನೆಲದಲ್ಲಿ ಕಾಣಲು ಶುರುವಾಯಿತು. ಯಾವ ದ್ರವವೂ ಇಲ್ಲದೆ.

ಹಾಲ್ ಮುಕ್ಕಾಲು ಪಾಲು ಸರಿಯಾಗಿದೆ. ಬಾಗಿಲ ಹತ್ತಿರದ ಕೆಲವು ಕಲ್ಲು ಆಗಲಿಲ್ಲ, ಆಸಿಡ್ ಅಲ್ಲಿ ನಿಂತು ಆಳಕ್ಕೆ ಇಳಿದಿತ್ತು. ಇನ್ನೂ ಉಜ್ಜಿದರೆ ಪಕ್ಕದ ಕಲ್ಲಿಗಿಂತ ತಗ್ಗಾಗುತ್ತವೆ ಅಂತ ಬಿಟ್ಟೆವು. ಹೀಗೆ ಉಜ್ಜುವುದು ಅಂದರೆ ಕಲ್ಲನ್ನು ತೆಳು ಮಾಡುವುದೇ. ವರ್ಷ ವರ್ಷ ಮಾಡಿಸುವ ಕೆಲಸ ಅಲ್ಲ.

ಹಾಗಾಗಿ ಯಾರನ್ನು ಕರೆಸಿದರೂ ಮೊದಲು ಕ್ಯಾನ್ ಮೇಲಿನ ಚೀಟಿ ತೋರಿಸಲು ಹೇಳಿ. ಚೀಟಿ ಇಲ್ಲದ ಕ್ಯಾನ್ ಒಳಗೆ ಬರಬಾರದು. ಹೊಳಪು ಪ್ಯಾಡಿನಿಂದ ಬರುತ್ತಾ, ಹಚ್ಚುವ ದ್ರವದಿಂದ ಬರುತ್ತಾ ಅಂತ ನೇರವಾಗಿ ಕೇಳಿ. ಎಲ್ಲಿಂದ ಎಲ್ಲಿಯವರೆಗೆ ನಂಬರ್ ಹೊಡೆಯುತ್ತಾರೆ, ಅಂಚು ಮಾಡುತ್ತಾರಾ, ಏನು ಹಚ್ಚುತ್ತಾರೆ, ಎಲ್ಲ ಬಿಲ್‌ನಲ್ಲಿ ಬರೆಸಿ. ಒಂದು ಮೂಲೆಯಲ್ಲಿ ಮಾದರಿ ಮಾಡಿ ತೋರಿಸಲು ಒಪ್ಪದವರನ್ನು ಬಾಗಿಲಿಂದಲೇ ಕಳಿಸಿ. ಕೆಲಸ ಮುಗಿದ ಮೇಲೆ ಟ್ಯೂಬ್‌ಲೈಟ್ ಬೆಳಕಿನಲ್ಲಿ ನೋಡಿ ಒಪ್ಪಬೇಡಿ. ಟಾರ್ಚ್ ಅಡ್ಡ ಹಿಡಿದು ನೋಡಿ, ಆಮೇಲೆ ದುಡ್ಡು.

"ಕ್ರಿಸ್ಟಲ್ ಪಾಲಿಶ್" ಅಂತ ಇನ್ನೊಂದಿದೆ. ಫ್ಲೋರೋಸಿಲಿಕೇಟ್ ಇರುವ ದ್ರವ ಚಿಮುಕಿಸಿ ಸ್ಟೀಲ್ ವುಲ್ ಪ್ಯಾಡ್‌ನಲ್ಲಿ ಉಜ್ಜುತ್ತಾರೆ. ಕಲ್ಲಿನ ಮೇಲ್ಮೈ ರಾಸಾಯನಿಕವಾಗಿ ಬದಲಾಗಿ ಗಟ್ಟಿ ಹೊಳಪು ಬರುತ್ತದೆ. ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ, ಗೊತ್ತಿರುವವರು ಮಾಡಿದರೆ ಚೆನ್ನಾಗೇ ಇರುತ್ತದೆ. ಆದರೆ ಗೀರು, ಆಸಿಡ್ ತಿಂದ ಗುರುತು ಇದರಿಂದ ಹೋಗುವುದಿಲ್ಲ. ಉದುರಿದ ಸ್ಟೀಲ್ ಎಳೆಗಳನ್ನು ಗುಡಿಸದೆ ಬಿಟ್ಟರೆ ತುಕ್ಕಿನ ಚುಕ್ಕೆ ಬೀಳುತ್ತವೆ.

ಸೀಲರ್ ಬಗ್ಗೆಯೂ ಒಂದು ಮಾತು. ಕಲ್ಲಿನ ಒಳಗೆ ಇಳಿಯುವ ಸೀಲರ್ ಬೇರೆ, ಮೇಲೆ ಕೂರುವ ಕೋಟಿಂಗ್ ಬೇರೆ. ಒಳಗೆ ಇಳಿಯುವಂಥದ್ದು ಎಣ್ಣೆ, ಬಣ್ಣ ಬೇಗ ಹೀರದಂತೆ ತಡೆಯುತ್ತದೆ. "ಸೀಲರ್ ಹಾಕಿದ್ರೆ ಆಸಿಡ್ ಬಿದ್ರೂ ಏನೂ ಆಗಲ್ಲ" ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ದಿನದ ಒರೆಸುವಿಕೆಗೆ ಪಿಎಚ್ 7ರ ಆಸುಪಾಸಿನ, ಅಂದರೆ ಆಸಿಡ್ಡೂ ಅಲ್ಲದ ಕ್ಷಾರವೂ ಅಲ್ಲದ ಕ್ಲೀನರ್ ಸಾಕು, ಬರೀ ನೀರಾದರೂ ನಡೆಯುತ್ತದೆ. ನಿಂಬೆರಸ, ವಿನೆಗರ್ ಹಾಕಿ ಮಾರ್ಬಲ್ ಒರೆಸಿ ಅಂತ ಹೇಳುವ ವಿಡಿಯೋಗಳನ್ನು ನೋಡಿದರೆ ಮೈ ಉರಿಯುತ್ತದೆ. ಅವೂ ಆಸಿಡ್ಡೇ, ನಿಧಾನಕ್ಕೆ ತಿನ್ನುತ್ತವೆ ಅಷ್ಟೇ. ಟಾಯ್ಲೆಟ್ ಕ್ಲೀನರ್‌ಗಳಲ್ಲಿ ಹಲವದರಲ್ಲಿ ಇರುವುದೂ ಹೈಡ್ರೋಕ್ಲೋರಿಕ್ ಆಸಿಡ್ಡೇ. ಅದನ್ನು ಬ್ಲೀಚ್ ಜೊತೆ ಬೆರೆಸಿದರೆ ಕ್ಲೋರಿನ್ ಅನಿಲ ಏಳುತ್ತದೆ. ನೆಲದ ಮಾತು ಬಿಡಿ, ಉಸಿರಿಗೇ ಅಪಾಯ.

ನಮ್ಮದು ಗ್ರಾನೈಟ್, ನಮಗೇನೂ ಆಗಲ್ಲ ಅಂದುಕೊಂಡವರಿಗೆ: ಮಾಮೂಲಿ ಆಸಿಡ್ಡಿಗೆ ಗ್ರಾನೈಟ್ ಬಗ್ಗುವುದಿಲ್ಲ, ನಿಜ. ಆದರೆ ಕೆಲವು ತುಕ್ಕು ತೆಗೆಯುವ ದ್ರವಗಳಲ್ಲಿ ಫ್ಲೋರೈಡ್ ಇರುತ್ತದೆ, ಅದು ಗ್ರಾನೈಟನ್ನೂ ತಿನ್ನುತ್ತದೆ. ಇನ್ನೊಂದು, ಗ್ರಾನೈಟ್ ಅನ್ನು ಒಣದಾಗಿ ಉಜ್ಜಲು ಬಿಡಲೇಬೇಡಿ. ಅದರಲ್ಲಿ ಸಿಲಿಕಾ ಜಾಸ್ತಿ. ಆ ದೂಳು ಶ್ವಾಸಕೋಶಕ್ಕೆ ಹೋದರೆ ಸಿಲಿಕೋಸಿಸ್ ಬರುತ್ತದೆ. ಕೆಲಸದವರಿಗೂ ಮಾಸ್ಕ್ ಇರಲಿ, ನೀರು ಬಿಟ್ಟೇ ಉಜ್ಜಲಿ.

ಮಲಗುವ ಕೋಣೆಯ ಕೋಟಿಂಗ್ ಇನ್ನೂ ತೆಗೆಸಿಲ್ಲ. ಸ್ಟ್ರಿಪ್ಪರ್ ವಾಸನೆ ಹೋಗಬೇಕಾದರೆ ಕಿಟಕಿ ತೆರೆದಿಡಬೇಕು, ಕಲ್ಲು ಪೂರ್ತಿ ಒಣಗಲೂಬೇಕು. ಮಳೆ ನಿಂತ ಮೇಲೆ ಬರುತ್ತೇನೆ ಅಂದಿದ್ದಾರೆ ಅವರು.