ಸೀಗೆಪುಡಿಗೆ ನಾಲ್ಕೂವರೆ, ನಿಂಬೆರಸಕ್ಕೆ ಸೊನ್ನೆ

ಮನೆಯಲ್ಲೇ ಮಾಡಿದ ಸೀಗೆಪುಡಿ, ಸೊಪ್ಪು ಹಾಕಿ ಕಾಯಿಸಿದ ತಲೆಗೆಣ್ಣೆ, ದಾಸವಾಳದ ಗೊಂಪು (ಎಲೆ ಕಿವುಚಿ ತೆಗೆದ ಲೋಳೆ), ಅಗಸೆಬೀಜದ ಲೋಳೆ, ಸ್ನಾನದ ಪುಡಿ, ಮದರಂಗಿ. ಇವಿಷ್ಟನ್ನೂ ವರ್ಷಕ್ಕಿಂತ ಹೆಚ್ಚು ಕಾಲ ನಮ್ಮ ಮನೆಯ ಮೂರು ತಲೆಗಳು ಬಳಸಿವೆ. ನನ್ನದು ತೆಳು ಕೂದಲು, ಬೇಗ ಜಿಡ್ಡಾಗುವ ಜಾತಿ. ಮಗಳದು ಗುಂಗುರು. ಅತ್ತೆಯವರದು ಎಪ್ಪತ್ತು ದಾಟಿದ ಮೇಲೂ ತುರುಬು ಕಟ್ಟುವಷ್ಟು ಉಳಿದಿರುವ ಬಿಳಿ ಕೂದಲು. ಯಜಮಾನರು ಈ ಪ್ರಯೋಗದಲ್ಲಿ ಭಾಗವಹಿಸಲಿಲ್ಲ. ಅವರ ತಲೆಯ ಮೇಲೆ ಪ್ರಯೋಗಕ್ಕೆ ಬೇಕಾದ ಸಾಮಗ್ರಿ ಉಳಿದಿಲ್ಲ. ನಾನು ಲೆಕ್ಕಪತ್ರ ನೋಡುವ ಕೆಲಸದವಳು. ಹಾಗಾಗಿ ‘ನೈಸರ್ಗಿಕ’ ಎಂದ ಮಾತ್ರಕ್ಕೆ ರಿಯಾಯಿತಿ ಕೊಡದೆ ಐದಕ್ಕೆ ಎಷ್ಟು ಎಂದು ಅಂಕ ಹಾಕುತ್ತೇನೆ.

ಮೊದಲು ನೀರಿನ ವಿಷಯ. ಕೂದಲಿನ ಬಗ್ಗೆ ಸಲಹೆ ಕೊಡುವವರು ಇದನ್ನು ಹೇಳುವುದೇ ಇಲ್ಲ. ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿಗೆ ಕೊಳವೆಬಾವಿಯ ನೀರು, ಬೇಸಿಗೆಯಲ್ಲಿ ಟ್ಯಾಂಕರ್ ನೀರು. ಎರಡೂ ಗಡಸು, ನಲ್ಲಿಯ ಬಾಯಿಗೆ ಬಿಳಿ ಹೆಪ್ಪು ಕಟ್ಟುತ್ತದೆ. ಕುಡಿಯುವ ನೀರಿನ ಭಾರತೀಯ ಮಾನದಂಡವಾದ ಐಎಸ್ 10500ರ ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ದಾಟಬಾರದು. ಬೇರೆ ನೀರೇ ಸಿಗದಿದ್ದರೆ 600ರವರೆಗೆ ನಡೆಯುತ್ತದೆ. ನಮ್ಮ ನೀರು ಆ ಎರಡನೆಯ ಅಂಕಿಯ ನೆರೆಯಲ್ಲೇ ವಾಸಿಸುತ್ತದೆ. ಇಂಥ ನೀರಿನಲ್ಲಿ ಸೋಪಿನಿಂದ ತಲೆ ತೊಳೆದರೆ, ನೀರಿನ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಸೋಪಿನೊಂದಿಗೆ ಸೇರಿ ಕರಗದ ಜಿಗುಟಾಗಿ ಕೂದಲಿಗೆ ಮೆತ್ತಿಕೊಳ್ಳುತ್ತವೆ. ಭಾನುವಾರದ ಸಂತೆಗಳಲ್ಲಿ ಗೋಣಿದಾರ ಕಟ್ಟಿ ಮಾರುವ ‘ಕೈಯಲ್ಲಿ ಮಾಡಿದ ಶಾಂಪೂ ಬಾರ್’ಗಳಲ್ಲಿ ಅನೇಕವು ಕಾಸ್ಟಿಕ್ ಸೋಡಾ ಮತ್ತು ಎಣ್ಣೆಯಿಂದ ಮಾಡಿದ ಸೋಪುಗಳೇ. ಅವುಗಳ ಪಿಎಚ್ (ಆಮ್ಲ-ಕ್ಷಾರದ ಅಳತೆ; 7ಕ್ಕಿಂತ ಮೇಲಿದ್ದರೆ ಕ್ಷಾರ, ಕೆಳಗಿದ್ದರೆ ಆಮ್ಲ) 9ರಿಂದ 10ರ ನಡುವೆ ಇರುತ್ತದೆ, ನೆತ್ತಿಯ ಚರ್ಮದ್ದು 5.5ರ ಆಸುಪಾಸು. ಮಗಳು ಒಂದನ್ನು ಆಸೆಪಟ್ಟು ತಂದಳು. ಎರಡು ಸಲ ಹಚ್ಚುವಷ್ಟರಲ್ಲಿ ಬಾಚಣಿಗೆಯ ಹಲ್ಲಿಗೆ ಬೂದುಬಣ್ಣದ ಮೇಣ ಅಂಟತೊಡಗಿತು. ಈಗ ಅದು ಕೈ ತೊಳೆಯುವ ಜಾಗದಲ್ಲಿದೆ. ಆ ಕೆಲಸಕ್ಕೆ ಬಹಳ ಚೆನ್ನಾಗಿದೆ.

ಸೀಗೆಕಾಯಿ ಇಲ್ಲೇ ಗೆಲ್ಲುವುದು. ಸೀಗೆಯಲ್ಲೂ ಅಂಟುವಾಳದಲ್ಲೂ ಕೊಳೆ ತೆಗೆಯುವುದು ಸಪೋನಿನ್ ಎಂಬ ವಸ್ತು. ಅದು ಗಡಸು ನೀರಿನ ಲವಣಗಳ ಜೊತೆ ಸೇರಿ ಜಿಗುಟಾಗುವುದಿಲ್ಲ. ಸೀಗೆಯ ನೀರು ಸ್ವಲ್ಪ ಆಮ್ಲೀಯವೂ ಹೌದು. ನ್ಯಾಯವಾಗಿ ಹೇಳಬೇಕೆಂದರೆ ಅಂಗಡಿಯ ಶಾಂಪೂ ಕೂಡ ಗಡಸು ನೀರನ್ನು ಬಹುಮಟ್ಟಿಗೆ ತಾಳಿಕೊಳ್ಳುತ್ತದೆ. ಆದ್ದರಿಂದ ನನ್ನ ಹೋಲಿಕೆ ಸೀಗೆಗೂ ಶಾಂಪೂಗೂ ನಡುವೆ; ಸೋಪು ಮೊದಲ ಸುತ್ತಿನಲ್ಲೇ ಹೊರಗೆ.

ನನ್ನ ಅಳತೆ ಹೀಗಿದೆ. ಒಂದು ಕಿಲೋ ಸೀಗೆಕಾಯಿ, ಕಾಲು ಕಿಲೋ ಮೆಂತ್ಯ, ಕಾಲು ಕಿಲೋ ಹೆಸರುಕಾಳು, ಬೀಜ ತೆಗೆದ ಅಂಟುವಾಳ ನೂರು ಗ್ರಾಂ, ನೆಲ್ಲಿಚಟ್ಟು ನೂರು ಗ್ರಾಂ, ನೆರಳಿನಲ್ಲಿ ಒಣಗಿಸಿದ ದಾಸವಾಳದ ಹೂವು ಮತ್ತು ಕರಿಬೇವು ಒಂದೊಂದು ಹಿಡಿ. ಸಾಮಾನನ್ನು ತವರಿಗೆ ಹೋದಾಗ ಮೈಸೂರಿನ ದೇವರಾಜ ಮಾರುಕಟ್ಟೆಯ ಬಳಿಯ ಗ್ರಂಧಿಗೆ ಅಂಗಡಿಯಿಂದ ತರುತ್ತೇನೆ. ಅಲ್ಲಿನ ಹಿರಿಯರು ಚೀಟಿ ಓದದೆಯೇ, “ಏನಮ್ಮಾ, ತಲೆಗೋ ಮೈಗೋ?” ಎಂದು ಕೇಳುತ್ತಾರೆ. ತಲೆಗೆ ಎಂದರೆ ಮುಂದಿನ ಪ್ರಶ್ನೆ, “ಎಣ್ಣೆ ಹಚ್ಚಿ ಸ್ನಾನ ಮಾಡುವವರೋ, ಬರಿ ತಲೆಗೋ?” ಎಣ್ಣೆಸ್ನಾನಕ್ಕಾದರೆ ಚಿಗರೆಪುಡಿಯನ್ನೂ ಕಟ್ಟಿಕೊಡುತ್ತಾರೆ, ಎಣ್ಣೆ ಕೀಳುವುದರಲ್ಲಿ ಅದು ಸೀಗೆಗಿಂತ ಚುರುಕು. ಸೌಂದರ್ಯವರ್ಧಕಗಳ ದೊಡ್ಡ ಮಳಿಗೆಯಲ್ಲಿ ಇಂಥ ಪ್ರಶ್ನೆ ಕೇಳುವವರನ್ನು ನಾನು ಇನ್ನೂ ನೋಡಬೇಕಾಗಿದೆ.

ಬೀಸಿಸುವುದೇ ದೊಡ್ಡ ತಾಪತ್ರಯ. ರಾಗಿ, ಗೋಧಿ ಬೀಸುವ ಗಿರಣಿಗೆ ಸೀಗೆಕಾಯಿ ಒಯ್ದರೆ ಗಿರಣಿಯವರು ಮುಖ ತಿರುಗಿಸುತ್ತಾರೆ. ಅವರದು ತಪ್ಪೇನಲ್ಲ. ಸೀಗೆಯ ಘಾಟು ಮುಂದಿನವರ ಹಿಟ್ಟಿಗೆ ಹತ್ತಿದರೆ ಜಗಳ ಖಂಡಿತ. ಸೀಗೆಗೆಂದೇ ಬೇರೆ ಕಲ್ಲು ಇಟ್ಟಿರುವ ಗಿರಣಿ ಹುಡುಕಬೇಕು. ಮನೆಯ ಮಿಕ್ಸಿಯಲ್ಲಿ ಮಾಡುತ್ತೇನೆ ಎನ್ನುವವರು ಮೂಗಿಗೆ ಬಟ್ಟೆ ಕಟ್ಟಿಕೊಂಡು, ಕಿಟಕಿ ತೆರೆದು ಶುರುಮಾಡಿ. ಪಕ್ಕದ ಮನೆಯವರೆಗೂ ಸೀನು ಹೋಗುತ್ತದೆ. ಮಿಕ್ಸಿಯ ಪುಡಿ ಎಷ್ಟು ಜರಡಿ ಹಿಡಿದರೂ ಗಿರಣಿಯ ನುಣುಪಿಗೆ ಬರುವುದಿಲ್ಲ. ಒರಟು ಪುಡಿ ಕೂದಲಿನಲ್ಲಿ ಸಿಕ್ಕಿಕೊಂಡರೆ ಒಣಗಿದ ಮೇಲೆ ಹೊಟ್ಟಿನಂತೆ ಭುಜದ ಮೇಲೆ ಉದುರುತ್ತದೆ. ಕಚೇರಿಯಲ್ಲಿ ಅದು ಹೊಟ್ಟಲ್ಲ, ಸೀಗೆ ಎಂದು ಎಷ್ಟು ಜನಕ್ಕೆ ವಿವರಿಸುವುದು?

ಕಲಸುವುದಕ್ಕೆ ಬಿಸಿನೀರಿಗಿಂತ ಅನ್ನ ಬಸಿದ ಗಂಜಿ ಮೇಲು. ಇದು ಅತ್ತೆಯವರ ಮಾತು, ಪರೀಕ್ಷಿಸಿದರೆ ನಿಜ. ಗಂಜಿಯಲ್ಲಿ ಕಲಸಿದ ಸೀಗೆ ಸೋರಿಹೋಗದೆ ಕೂದಲಿಗೆ ಹಿಡಿಯುತ್ತದೆ, ಕಣ್ಣಿಗೆ ಇಳಿಯುವುದೂ ಕಡಿಮೆ. ಕುಕ್ಕರ್ ಬಂದ ಮೇಲೆ ಗಂಜಿ ಬಸಿಯುವುದೇ ನಿಂತುಹೋಗಿತ್ತು. ಈಗ ಶನಿವಾರ ಒಂದು ದಿನ ಪಾತ್ರೆಯಲ್ಲಿ ಅನ್ನ ಆಗುತ್ತದೆ. ಕಣ್ಣಿಗೆ ಬಿದ್ದರೆ ಉರಿ ಮಾತ್ರ ಘನಘೋರ. ಚಿಕ್ಕಮಕ್ಕಳಿಗೆ ನಾನಂತೂ ಹಚ್ಚುವುದಿಲ್ಲ.

ಶಾಂಪೂ ಬಿಟ್ಟು ಸೀಗೆಗೆ ಬಂದ ಮೊದಲ ಕೆಲವು ವಾರ ಕೂದಲು ಒರಟಾಗಿರುತ್ತದೆ. ಶಾಂಪೂ, ಕಂಡಿಷನರ್‌ಗಳಲ್ಲಿರುವ ಸಿಲಿಕೋನ್ ಕೂದಲಿಗೆ ಹೊದಿಸಿದ್ದ ನುಣುಪು ತೊಳೆದುಹೋಗಿ, ನಮ್ಮ ಕೂದಲು ನಿಜವಾಗಿ ಹೇಗಿದೆಯೋ ಹಾಗೆ ಕೈಗೆ ಸಿಗುತ್ತದೆ. ಬಹಳ ಜನ ಇಲ್ಲಿಯೇ ಕೈಬಿಡುತ್ತಾರೆ. ನನ್ನ ನೆತ್ತಿಯ ತುರಿಕೆ ನಿಂತಿತು, ಜಿಡ್ಡು ಒಂದು ದಿನ ತಡವಾಗಿ ಬರುತ್ತದೆ. ಕೂದಲು ಹೆಚ್ಚು ಬೆಳೆಯಿತೇ ಎಂದು ಕೇಳಬೇಡಿ; ಬೆಳೆಯಲಿಲ್ಲ. ನಾಲ್ಕೂವರೆ ಅಂಕ. ಉಳಿದ ಅರ್ಧ ಗಿರಣಿಗಾಗಿ ಕಳೆದದ್ದು.

ಎಣ್ಣೆಗೆ ನಾಲ್ಕು. ಮರದ ಗಾಣದ ಕೊಬ್ಬರಿ ಎಣ್ಣೆಗೆ ಗರುಗದ ಸೊಪ್ಪು, ಒಂದೆಲಗ, ಕರಿಬೇವು ಅರೆದು ಹಾಕಿ ಕಬ್ಬಿಣದ ಬಾಂಡಲಿಯಲ್ಲಿ ಸಣ್ಣ ಉರಿಯಲ್ಲಿ ಕಾಯಿಸುವುದು. ಸೊಪ್ಪಿನ ನೀರು ಪೂರ್ತಿ ಆರಿ ಚಟಪಟ ಸದ್ದು ನಿಲ್ಲಬೇಕು. ನೀರಿನಂಶ ಉಳಿದರೆ ತಿಂಗಳೊಳಗೆ ಕಮಟು ವಾಸನೆ ಬರುತ್ತದೆ, ತಳದಲ್ಲಿ ಬೂಸ್ಟು ಕಾಣುತ್ತದೆ. ಹಾಗೆಂದು ಸೊಪ್ಪು ಕರಟುವ ತನಕ ಬಿಟ್ಟರೆ ಎಣ್ಣೆಯೇ ಸೀದು ಹೋಗುತ್ತದೆ. ಸೊಪ್ಪುಗಳಿಂದ ಎಷ್ಟು ಗುಣ ಎಂಬುದರ ಬಗ್ಗೆ ನನಗೆ ಅನುಮಾನವಿದೆ, ಆದರೆ ಕೊಬ್ಬರಿ ಎಣ್ಣೆಯ ಬಗ್ಗೆ ಇಲ್ಲ. ತೆಂಗಿನೆಣ್ಣೆ, ಸೂರ್ಯಕಾಂತಿ ಎಣ್ಣೆ, ಖನಿಜ ತೈಲ ಮೂರನ್ನೂ ಕೂದಲಿಗೆ ಹಚ್ಚಿ ಹೋಲಿಸಿದ ಅಧ್ಯಯನವೊಂದು 2003ರಲ್ಲಿ ಪ್ರಕಟವಾಯಿತು. ತೊಳೆಯುವ ಮೊದಲು ಹಚ್ಚಿದರೂ ನಂತರ ಹಚ್ಚಿದರೂ ಕೂದಲಿನ ಪ್ರೋಟೀನ್ ನಷ್ಟವನ್ನು ಗಮನಾರ್ಹವಾಗಿ ತಗ್ಗಿಸಿದ್ದು ತೆಂಗಿನೆಣ್ಣೆ ಮಾತ್ರ. ಅದರಲ್ಲಿನ ಲಾರಿಕ್ ಆಮ್ಲದ ಅಣು ಚಿಕ್ಕದು, ನೇರವಾದದ್ದು. ಕೂದಲಿನ ಒಳಕ್ಕೆ ಇಳಿಯುತ್ತದೆ ಎಂಬುದು ವಿವರಣೆ. ಅಧ್ಯಯನ ಮಾಡಿದವರು ತೆಂಗಿನೆಣ್ಣೆ ಮಾರುವ ಕಂಪನಿಯ ಸಂಶೋಧಕರೇ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಹರಳೆಣ್ಣೆ ತಂಪು ಎಂದು ಅತ್ತೆಯವರು ಶುಕ್ರವಾರ ನೆತ್ತಿಗೆ ತಟ್ಟಿಕೊಳ್ಳುತ್ತಾರೆ. ಅದನ್ನು ಉದ್ದ ಕೂದಲಿಗೆ ಧಾರಾಳವಾಗಿ ಸುರಿಯಬೇಡಿ. ಅಂಟು ಹಿಡಿದು ಸಿಕ್ಕಾದರೆ ಬಿಡಿಸುವಷ್ಟರಲ್ಲಿ ಅರ್ಧ ಕೂದಲು ಬಾಚಣಿಗೆಯಲ್ಲಿರುತ್ತದೆ.

ಐದಕ್ಕೆ ಐದು ತೆಗೆದುಕೊಂಡದ್ದು ದಾಸವಾಳದ ಗೊಂಪು. ಹೇಳಿಕೊಟ್ಟವರು ಸಾಗರದ ಕಡೆಯ ಸಹೋದ್ಯೋಗಿ. ಮಲೆನಾಡಿನ ಮನೆಗಳಲ್ಲಿ ಇದು ಮಾಮೂಲು, ಬಯಲುಸೀಮೆಯ ನಮಗೆ ಹೊಸದು. ಎರಡು ಹಿಡಿ ದಾಸವಾಳದ ಎಲೆಯನ್ನು ನೀರಿನಲ್ಲಿ ಹಾಕಿ ಕೈಯಿಂದ ಚೆನ್ನಾಗಿ ಕಿವುಚಿದರೆ ಹಸಿರು ಲೋಳೆ ಬಿಡುತ್ತದೆ. ತೆಳು ಬಟ್ಟೆಯಲ್ಲಿ ಸೋಸಿ ಸೀಗೆ ತೊಳೆದ ತಲೆಗೆ ಹಚ್ಚಿ ಹತ್ತು ನಿಮಿಷ ಬಿಟ್ಟು ನೀರು ಹಾಕಿದರೆ ಸಿಕ್ಕು ತಾನಾಗಿ ಜಾರುತ್ತದೆ. ಸೀಗೆ ತಂದ ಒಣಕಲುತನಕ್ಕೆ ಇದೇ ಉತ್ತರ. ಖರ್ಚು ಇಲ್ಲ, ಕಟ್ಟಡದ ಕಾಂಪೌಂಡಿನಲ್ಲಿ ಒಂದೇ ಸುತ್ತು ದಳದ ಕೆಂಪು ದಾಸವಾಳವಿದೆ. ಕಾವಲುಗಾರರು ಮೊದಮೊದಲು ಅನುಮಾನದಿಂದ ನೋಡುತ್ತಿದ್ದರು. ಈಗ, “ಮೇಡಂ, ಆ ಕಡೆಯ ಗಿಡ ಚಿಗುರಿದೆ” ಎಂದು ಅವರೇ ಹೇಳುತ್ತಾರೆ. ಮಗಳ ಗುಂಗುರು ಕೂದಲಿಗೆ ಅಗಸೆಬೀಜ ಬೇಯಿಸಿ ಬಿಸಿಯಿರುವಾಗಲೇ ಸೋಸಿದ ಲೋಳೆಯೂ ಒಪ್ಪುತ್ತದೆ. ಆರಿದ ಮೇಲೆ ಸೋಸಲು ಹೋದರೆ ದೇವರೇ ಗತಿ. ಫ್ರಿಜ್ಜಿನಲ್ಲಿ ವಾರ ಬಾಳುತ್ತದೆ, ಅಷ್ಟೇ.

ಸ್ನಾನದ ಪುಡಿಗೆ ಮೂರು. ಹೆಸರುಹಿಟ್ಟು, ಸ್ವಲ್ಪ ಕಡಲೆಹಿಟ್ಟು, ಕಚೋರ, ಲಾವಂಚ, ಒಣ ಗುಲಾಬಿ, ಕಸ್ತೂರಿ ಅರಿಶಿನ. ಬರೀ ಕಡಲೆಹಿಟ್ಟು ಚಳಿಗಾಲದಲ್ಲಿ ಮೈಯನ್ನು ಬಿರಿಯುವಷ್ಟು ಒಣಗಿಸುತ್ತದೆ, ಹೆಸರುಹಿಟ್ಟು ಮೃದು. ಕಸ್ತೂರಿ ಅರಿಶಿನ ಎಂದು ಗಾಢ ಹಳದಿಯ ಪುಡಿ ಕೊಟ್ಟರೆ ವಾಪಸ್ ಮಾಡಿ, ಅದು ಅಡುಗೆಯ ಅರಿಶಿನ. ನಿಜವಾದದ್ದು ಮಾಸಲು ಬಣ್ಣದ್ದು, ಕರ್ಪೂರದ ಹಾಗೆ ಘಮ್ಮೆನ್ನುತ್ತದೆ. ಮೈಗೆ ಈ ಪುಡಿ ಹಿತವಾಗಿದೆ, ಪರಿಮಳವೂ ಸುಂದರ. ಎರಡು ಅಂಕ ಕಳೆದದ್ದು ಬಚ್ಚಲಿನ ಪರವಾಗಿ. ಹಿಂದಿನ ಬಚ್ಚಲುಮನೆಯ ನೀರು ಬಾಳೆಯ ಬುಡಕ್ಕೆ ಹೋಗುತ್ತಿತ್ತು. ಈಗಿನದು ಸಣ್ಣ ಕೊಳವೆಯೊಳಗೆ ಇಳಿಯುತ್ತದೆ, ಅಲ್ಲಿ ಬೇಳೆಹಿಟ್ಟು ಅಂಟಾಗಿ ಕೂರುತ್ತದೆ. ಪ್ಲಂಬರ್ ಒಮ್ಮೆ ಬಂದು ಹೋದರೆ ವರ್ಷದ ಸೋಪಿನ ಉಳಿತಾಯ ಮುಗಿಯಿತು. ಜಾಲರಿಯ ಮೇಲೆ ಹಳೆಯ ಪಂಚೆಯ ತುಂಡು ಹಾಸುವುದು ನಮ್ಮ ಸದ್ಯದ ವ್ಯವಸ್ಥೆ.

ಮದರಂಗಿಗೆ ಅಂಕ ಕೊಡುವ ಮೊದಲು ಒಂದು ಎಚ್ಚರಿಕೆ. ಶುದ್ಧ ಮದರಂಗಿ ಬಿಳಿ ಕೂದಲಿಗೆ ಕೊಡುವುದು ಕಿತ್ತಳೆ ಮಿಶ್ರಿತ ಕಂದು ಬಣ್ಣ, ಕಪ್ಪಲ್ಲ. ‘ಕಪ್ಪು ಮೆಹಂದಿ’ ಎಂದು ಪೊಟ್ಟಣದಲ್ಲಿ ಬರುವ ಅನೇಕ ಪುಡಿಗಳಲ್ಲಿ ಪಿಪಿಡಿ ಎಂಬ ರಾಸಾಯನಿಕ ಬಣ್ಣ ಇರುತ್ತದೆ. ಕೆಲವರಿಗೆ ಅದರಿಂದ ನೆತ್ತಿ, ಮುಖ ಊದಿಕೊಳ್ಳುವ ಅಲರ್ಜಿ ಆಗುತ್ತದೆ. ಹಿಂಬದಿಯ ಸಣ್ಣ ಅಕ್ಷರ ಓದಿ. ಅತ್ತೆಯವರು ಒಮ್ಮೆ ಹಚ್ಚಿಸಿಕೊಂಡು ಕನ್ನಡಿ ನೋಡಿ, “ಈ ವಯಸ್ಸಿನಲ್ಲಿ ನನಗೇಕಮ್ಮಾ ಈ ಬಣ್ಣ, ಬಿಳಿಯೇ ಲಕ್ಷಣ” ಎಂದರು. ನನಗೆ ಅದು ಬೇಕು. ಮೂರೂವರೆ.

ಇನ್ನು ಸೊನ್ನೆಗಳು. ಮುಖಕ್ಕೆ ನಿಂಬೆರಸ: ತೀರಾ ಆಮ್ಲೀಯ, ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟಂತೆ ಕಪ್ಪು ಕಲೆ ಬೀಳುತ್ತದೆ. ತಲೆಗೆ ಅಡುಗೆಸೋಡಾ: ಕ್ಷಾರ, ಕೂದಲನ್ನು ಒರಟುಮಾಡುವುದಕ್ಕೆ ಇದಕ್ಕಿಂತ ಸುಲಭ ದಾರಿ ಇಲ್ಲ. ಕೊಬ್ಬರಿ ಎಣ್ಣೆಗೆ ಝಿಂಕ್ ಆಕ್ಸೈಡ್ ಕಲಸಿ ಮಾಡುವ ಸನ್‌ಸ್ಕ್ರೀನ್: ಪುಡಿ ಮನೆಯ ಚಮಚದಲ್ಲಿ ಸಮನಾಗಿ ಹರಡುವುದಿಲ್ಲ, ಎಲ್ಲಿ ರಕ್ಷಣೆ ಇದೆ ಎಲ್ಲಿ ಇಲ್ಲ ಎಂದು ಚರ್ಮಕ್ಕೆ ಬಿಸಿಲೇ ಹೇಳಬೇಕು. ಸನ್‌ಸ್ಕ್ರೀನನ್ನು ಔಷಧಿ ಅಂಗಡಿಯಿಂದಲೇ ತರುತ್ತೇನೆ, ಅದರಲ್ಲಿ ನನಗೆ ಯಾವ ಸಂಕೋಚವೂ ಇಲ್ಲ. ಸೀಗೆ, ಅಂಟುವಾಳ ಕುದಿಸಿ ಬಾಟಲಿ ತುಂಬಿಸಿ ‘ಮನೆಯ ಶಾಂಪೂ, ತಿಂಗಳು ಬಾಳುತ್ತದೆ’ ಎನ್ನುವವರನ್ನು ನಂಬಬೇಡಿ. ಸಂರಕ್ಷಕ ಇಲ್ಲದ ನೀರಿನ ಕಷಾಯ ಎರಡು ಮೂರು ದಿನದಲ್ಲಿ ಹುಳಿ ಬರುತ್ತದೆ, ಮುಚ್ಚಳ ತೆಗೆದರೆ ಬುಸ್ಸೆನ್ನುತ್ತದೆ. ಪುಡಿಯಾಗಿ ಡಬ್ಬಿಯಲ್ಲಿಡಿ, ಇಲ್ಲವೇ ಅಂದಿನದನ್ನು ಅಂದೇ ಮುಗಿಸಿ.

ಹಣದ ಲೆಕ್ಕ ಕೇಳುವವರಿಗೆ: ಸಾಮಾನಿನ ಬೆಲೆ ಶಾಂಪೂ, ಕಂಡಿಷನರ್‌ಗಳಿಗಿಂತ ಖಂಡಿತ ಕಡಿಮೆ. ಆದರೆ ಶನಿವಾರ ಬೆಳಗ್ಗೆ ಒಂದೂವರೆ ಗಂಟೆ ಹೋಗುತ್ತದೆ. ವಾರದ ನಡುವೆ ಕಚೇರಿಯ ಬಸ್ ಹಿಡಿಯುವ ಗಡಿಬಿಡಿಯಲ್ಲಿ ನಾನು ಶಾಂಪೂ ಹಾಕಿ ಹೊರಡುವುದೂ ಉಂಟು. ಅದರಿಂದ ಸೀಗೆಗೆ ಯಾವ ಅವಮಾನವೂ ಆಗಿಲ್ಲ.

ಶುರುಮಾಡುವವರು ಮಳೆಗಾಲಕ್ಕೆ ಮುಂಚೆಯೇ ಬೀಸಿಸಿಕೊಳ್ಳಿ. ಶಿವರಾತ್ರಿಯಿಂದ ಯುಗಾದಿಯವರೆಗಿನ ಬಿಸಿಲಿನಲ್ಲಿ ಕಾಯಿ ಕಟಕ್ಕೆಂದು ಮುರಿಯುವಂತೆ ಒಣಗುತ್ತದೆ. ಆಷಾಢದಲ್ಲಿ ತಂದದ್ದು ಗಿರಣಿಯ ಕಲ್ಲಿಗೆ ಮೆತ್ತಿಕೊಳ್ಳುತ್ತದೆ ಎಂದು ಗಿರಣಿಯವರು ಬೇಡವೆನ್ನುತ್ತಾರೆ. ನಮ್ಮ ಕಡೆಯ ಗಿರಣಿಯಲ್ಲಿ ಸೀಗೆಯ ಸರದಿ ಮಧ್ಯಾಹ್ನ ಮೂರರ ಮೇಲೆ, ಒಂದು ಕಿಲೋಗಿಂತ ಕಡಿಮೆ ಇದ್ದರೆ ತೆಗೆದುಕೊಳ್ಳುವುದಿಲ್ಲ. ಮಂಗಳವಾರ ರಜೆ.