ಏಳು ಮಳೆಗಾಲ ಕಂಡ ನನ್ನ 90 ಎಂಎಂ ಮ್ಯಾಕ್ರೋ ಲೆನ್ಸ್

ಪುಟ್ಟ ವಸ್ತುಗಳನ್ನು ತೀರಾ ಹತ್ತಿರದಿಂದ ತೆಗೆಯುವ ಈ ಕ್ಯಾಮೆರಾ ಲೆನ್ಸ್ ತಗೊಂಡಿದ್ದು 2018ರ ಜುಲೈನಲ್ಲಿ. ಸೆಕೆಂಡ್ ಹ್ಯಾಂಡ್, 17 ಸಾವಿರ ಕೊಟ್ಟೆ. ಕಂಪನಿ ಹೆಸರು ಬರೆಯುವುದಿಲ್ಲ. 90ರಿಂದ 105 ಎಂಎಂ ಒಳಗಿನ ಮ್ಯಾಕ್ರೋ ಲೆನ್ಸ್‌ಗಳಲ್ಲಿ ಕೆಟ್ಟದ್ದು ಅಂತ ನಾನು ನೋಡಿಲ್ಲ. ನನ್ನ ತಕರಾರುಗಳೂ ಹೆಚ್ಚುಕಮ್ಮಿ ಎಲ್ಲದಕ್ಕೂ ಹೊಂದುತ್ತವೆ. ನಾನಿರುವುದು ಮಂಗಳೂರಿನಲ್ಲಿ. ಒಂದು ಕಡೆ ಕಡಲು, ಇನ್ನೊಂದು ಕಡೆ ಘಟ್ಟ. ಲೆನ್ಸ್ ಎರಡು ಕಡೆಯೂ ಚೆನ್ನಾಗಿ ಪೆಟ್ಟು ತಿಂದಿದೆ.

ಇದು ನಿಜಕ್ಕೂ ಕಾಸಿಗೆ ತಕ್ಕ ಕೆಲಸ ಮಾಡುವುದು ಪದವಿನಲ್ಲಿ. ನಮ್ಮ ಕಡೆ ಮುರಕಲ್ಲಿನ, ಅಂದರೆ ಜಂಬಿಟ್ಟಿಗೆ ಕಲ್ಲಿನ, ಬಯಲು ಗುಡ್ಡಕ್ಕೆ ಪದವು ಅನ್ನುತ್ತೇವೆ. ಬೇಸಿಗೆಯಲ್ಲಿ ಕಾದ ಹೆಂಚು. ಆಗಸ್ಟ್‌ನಲ್ಲಿ ಹೋದರೆ ಕಲ್ಲಿನ ಮೇಲೆ ಬೆರಳುದ್ದ ನೀರು, ನೀರಿನ ಅಂಚಿಗೆ ನೇರಳೆ ಹಾಸು. ಬಗ್ಗಿ ನೋಡಿದರೆ ಅಕ್ಕಿ ಕಾಳಿಗಿಂತ ಚೂರು ದೊಡ್ಡ ಹೂಗಳು, ಯುಟ್ರಿಕ್ಯುಲೇರಿಯಾ. ಈ ಗಿಡಕ್ಕೆ ಸರಿಯಾದ ಬೇರಿಲ್ಲ. ಕೆಸರಿನೊಳಗೆ ಪುಟ್ಟ ಚೀಲಗಳಿವೆ, ಅದರಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳನ್ನು ಹಿಡಿದು ತಿನ್ನುತ್ತದೆ. ಮುರಕಲ್ಲಿನಲ್ಲಿ ಸಾರವಿಲ್ಲ, ಪಾಪ, ಇನ್ನೇನು ಮಾಡಬೇಕು. ಫೋನಿನಲ್ಲಿ ತೆಗೆದರೆ ಇದು ಬರೀ ಬಣ್ಣದ ಚುಕ್ಕೆ. ಈ ಲೆನ್ಸ್‌ನಲ್ಲಿ ಕೆಳತುಟಿಯ ಮೇಲಿನ ಗೆರೆ, ಹಿಂದಿನ ಪುಟ್ಟ ಬಾಲ ಎಲ್ಲಾ ಎಣಿಸುವಷ್ಟು ಸ್ಪಷ್ಟ.

ಪಕ್ಕದಲ್ಲೇ ಡ್ರೊಸೆರಾ ಇರುತ್ತದೆ, ಅದೂ ಹುಳ ಹಿಡಿದು ತಿನ್ನುವ ಗಿಡವೇ. ಎಲೆ ತುಂಬಾ ಕೆಂಪು ಕೂದಲು, ಒಂದೊಂದು ಕೂದಲ ತುದಿಗೂ ಒಂದು ಅಂಟಿನ ಹನಿ. ಒಮ್ಮೆ ಫೋಕಸ್ ಮಾಡುತ್ತಿದ್ದೆ. ಹನಿಯೊಂದು ಅಲುಗಿತು. ಗಾಳಿ ಅಂದುಕೊಂಡೆ. ಅಲ್ಲ, ಸಿಕ್ಕಿಬಿದ್ದ ನೊಣದ ಕಾಲು.

ಹಾಗೆ ಹೊಟ್ಟೆಯ ಮೇಲೆ ಮಲಗಿದ್ದಾಗ ದನ ಅಟ್ಟಿಕೊಂಡು ಬಂದ ಹೆಂಗಸೊಬ್ಬರು ನಿಂತು ಕೇಳಿದರು, "ಎಂತ ಹುಡುಕುದು ಮಾರಾಯ್ರೆ? ಉಂಗುರ ಬಿತ್ತಾ?"

"ಇಲ್ಲ ಅಕ್ಕ, ಹೂವಿನ ಫೋಟೊ" ಅಂತ ಸ್ಕ್ರೀನ್ ತೋರಿಸಿದೆ.

ತುಂಬಾ ಹೊತ್ತು ನೋಡಿದರು. "ಇದಾ? ಇದನ್ನು ನಾವು ದಿನಾ ತುಳಿಯುದಲ್ವಾ!"

ಇನ್ನು ಕಷ್ಟಗಳಿಗೆ ಬರೋಣ. ಹೂವಿನ ನಿಜ ಅಳತೆಯೇ ಸೆನ್ಸಾರ್ ಮೇಲೆ ಬೀಳುವಷ್ಟು ಹತ್ತಿರ ಹೋದರೆ, ಲೆನ್ಸಿನ ಕಿಂಡಿಯನ್ನು ಎಫ್ 8ಕ್ಕೆ ಕಿರಿದು ಮಾಡಿದರೂ ಫೋಕಸ್ ಸಿಗುವುದು ಒಂದು ಮಿಲಿಮೀಟರ್‌ ಆಸುಪಾಸು ಮಾತ್ರ. ಉಸಿರು ಬಿಟ್ಟರೂ ತಪ್ಪುತ್ತದೆ. ಲೆನ್ಸ್ ಮೂತಿಗೂ ಹೂವಿಗೂ ನಡುವೆ ಸುಮಾರು 10 ಸೆಂಟಿಮೀಟರ್ ಅಷ್ಟೇ ಜಾಗ, ನಮ್ಮದೇ ನೆರಳು ಬೀಳುತ್ತದೆ. ಆಟೋ ಫೋಕಸ್ ಗರ್ರ್ ಗರ್ರ್ ಅಂತ ಹಿಂದೆ ಮುಂದೆ ಹೋಗುತ್ತದೆಯೇ ಹೊರತು ನಿಲ್ಲುವುದಿಲ್ಲ. ನಾನು ಎರಡನೇ ವಾರಕ್ಕೇ ಅದನ್ನು ಆಫ್ ಮಾಡಿದೆ. ಫೋಕಸ್ ರಿಂಗ್ ಒಂದು ಕಡೆ ನಿಲ್ಲಿಸಿ, ಮೈಯನ್ನೇ ಕೂದಲೆಳೆಯಷ್ಟು ಮುಂದೆ ಹಿಂದೆ ಮಾಡುತ್ತಾ ಹತ್ತಿಪ್ಪತ್ತು ಕ್ಲಿಕ್ ಹೊಡೆಯುತ್ತೇನೆ. ಒಂದೋ ಎರಡೋ ಸರಿ ಬರುತ್ತದೆ. ಟ್ರೈಪಾಡ್ ಬದಲು ಅರ್ಧ ಕೆಜಿ ಅಕ್ಕಿ ತುಂಬಿದ ಬಟ್ಟೆ ಚೀಲ ಸಾಕು.

ಗಾಳಿಗೆ ಮಾತ್ರ ಮದ್ದಿಲ್ಲ. ಕೊಡಚಾದ್ರಿ ಮೇಲೆ ಒದ್ದೆ ಬಂಡೆಗೆ ಅಂಟಿಕೊಂಡ ಕಾಡು ಕರ್ಣಕುಂಡಲವನ್ನು ಹಿಡಿಯಲು ಒಂದು ಗಂಟೆ ಕೂತೆ. ಹೂ ಒಂದು ಸೆಕೆಂಡೂ ಸುಮ್ಮನಿರಲಿಲ್ಲ. ಇಂಬಳಗಳಿಗೆ ಊಟವಾಯಿತು. ಈಗ ಒಂದು ಬಿಳಿ ಕೊಡೆ ಒಯ್ಯುತ್ತೇನೆ. ಗಾಳಿಗೆ ಅಡ್ಡ, ಮಳೆಗೆ ಅಡ್ಡ, ಬಿಸಿಲಿದ್ದರೆ ಬೆಳಕನ್ನೂ ಮೆತ್ತಗೆ ಮಾಡುತ್ತದೆ. ಈ ಲೆನ್ಸ್‌ಗೆ ನಾನು ಕೊಂಡ ಅತಿ ಒಳ್ಳೆಯ ಆಕ್ಸೆಸರಿ ಅದೇ.

ನನ್ನ ದೊಡ್ಡ ತಕರಾರು ಬೇರೆ. ಅದು ಗೊತ್ತಾಗಿದ್ದು ನಾಲ್ಕು ವರ್ಷ ಕಳೆದ ಮೇಲೆ. 2022ರಲ್ಲಿ ಚಿಕ್ಕಮಗಳೂರಿನ ಗಿರಿಶ್ರೇಣಿಯಲ್ಲಿ ಕುರಿಂಜಿ ಅರಳಿತಲ್ವಾ, ರಜೆ ಹಾಕಿ ಹೋದೆ. ಇಡೀ ಗುಡ್ಡ ನೀಲಿ, ಮೇಲೆ ಮಂಜು ಹತ್ತಿ ಇಳಿದು ಮಾಡುತ್ತಿತ್ತು. ನಾನು ಗುಡ್ಡಕ್ಕೆ ಬೆನ್ನು ಹಾಕಿ ಒಂದೇ ಗೊಂಚಲಿನ ಮುಂದೆ ಕೂತೆ. ಮನೆಗೆ ಬಂದು 400 ಫೋಟೊ ತೆರೆದರೆ ಎಲ್ಲಾ ಚೆಂದ, ಎಲ್ಲಾ ಒಂದೇ. ಹಿಂದೆ ಹಸಿರು ಮಬ್ಬು. ಯಾರದೋ ಹಿತ್ತಲಿನ ಹೂವು ಅಂದರೂ ನಂಬಬಹುದು. ಮುಳ್ಳಯ್ಯನಗಿರಿ, ಕರ್ನಾಟಕದ ಅತಿ ಎತ್ತರದ ಬೆಟ್ಟ, ಒಂದು ಫ್ರೇಮಿನಲ್ಲೂ ಇಲ್ಲ! ಗಿಡಗಳ ಬಗ್ಗೆ ಓದಿಕೊಂಡ ಗೆಳೆಯನಿಗೆ ತೋರಿಸಿದೆ. "ಎಲೆ ಎಲ್ಲಪ್ಪಾ? ಕಾಂಡ ಎಲ್ಲಿ? ಇದು ಯಾವ ಕುರಿಂಜಿ ಅಂತ ಹೇಗೆ ಹೇಳಲಿ?" ಅಂದ. ಕುರಿಂಜಿಯಲ್ಲಿ ಜಾತಿಗಳು ಹತ್ತಾರು, ಅವನು ಕೇಳಿದ್ದು ಸರಿಯೇ.

ಇನ್ನೊಂದು ನಾಚಿಕೆಯ ವಿಷಯ. ಹತ್ತಿರದ ಫೋಟೊ ಬೇಕು ಅಂದರೆ ಮೊಣಕಾಲು ಎಲ್ಲಾದರೂ ಊರಬೇಕು. ನೀಲಕುರಿಂಜಿ 12 ವರ್ಷ ಬೆಳೆದು, ಒಮ್ಮೆ ಹೂ ಬಿಟ್ಟು, ಬೀಜ ಉದುರಿಸಿ ಸಾಯುವ ಗಿಡ. ಸೆಲ್ಫಿಗೆ ನುಗ್ಗುತ್ತಿದ್ದವರನ್ನು ಬೈದುಕೊಂಡೇ ಬಂದಿದ್ದೆ. ಎದ್ದು ನೋಡಿದರೆ ನನ್ನ ಮೊಣಕಾಲ ಕೆಳಗೂ ಮೂರು ಟೊಂಗೆ ಮುರಿದಿದ್ದವು.

ಅವತ್ತಿನಿಂದ ಕ್ರಮ ಬದಲಾಗಿದೆ. ಮೊದಲು ಫೋನ್ ತೆಗೆದು, ಹೂ ಮುಂದೆ ಬೆಟ್ಟ ಹಿಂದೆ ಬರುವಂತೆ ಒಂದು. ಆಮೇಲೆ ಈ ಲೆನ್ಸ್‌ನಲ್ಲೇ ಒಂದೂವರೆ ಮೀಟರ್ ದೂರದಿಂದ ಇಡೀ ಗಿಡ. ಹೊಟ್ಟೆ ಮೇಲೆ ಮಲಗುವ ಕೆಲಸ ಕೊನೆಗೆ, ಅದೂ ಬರೀ ಕಲ್ಲಿದ್ದರೆ.

ಬಾಳಿಕೆ ಬಗ್ಗೆ ಹೇಳಬೇಕು. ಫೋಕಸ್ ಮಾಡುವಾಗ ಈ ಲೆನ್ಸ್‌ನ ಮೂತಿ ಉದ್ದ ಆಗುತ್ತದೆ, ತೇವವನ್ನೂ ಧೂಳನ್ನೂ ಒಳಗೆ ಎಳೆದುಕೊಳ್ಳುತ್ತದೆ. ಸಸಿಹಿತ್ಲು ಬೀಚಿನಲ್ಲಿ ಅಡುಂಬು ಬಳ್ಳಿಯ ಹೂ ತೆಗೆಯಲು ಬೆಳಿಗ್ಗೆ ಬೆಳಿಗ್ಗೆ ಹೋಗಿದ್ದೆ. ಸಂಜೆ ರಿಂಗ್ ತಿರುಗಿಸಿದರೆ ಕರಕರ ಮರಳು. 2021ರಲ್ಲಿ ಒಳಗಿನ ಗಾಜಿನ ಮೇಲೆ ಜೇಡರ ಬಲೆಯಂಥ ಎಳೆ ಕಾಣಿಸಿತು, ಫಂಗಸ್. ರಿಪೇರಿಯವರು 2500 ತಗೊಂಡು ಅದನ್ನು ತೆಗೆದರು, ಹೊಸದಾಗಿ ಒಂದು ಧೂಳಿನ ಕಣ ಒಳಗೆ ಬಿಟ್ಟರು. ಈಗ ಗಾಳಿಯಾಡದ ಡಬ್ಬಿ, ತೇವ ಹೀರುವ ಸಿಲಿಕಾ ಜೆಲ್, ಒಂದು ಪುಟ್ಟ ತೇವಮಾಪಕ. 40ರಿಂದ 50 ಪರ್ಸೆಂಟ್ ಒಳಗೆ ಇಟ್ಟರೆ ಸಾಕು. ಕರಾವಳಿಯಲ್ಲಿರುವವರು ಲೆನ್ಸ್‌ಗಿಂತ ಮೊದಲು ಆ ಡಬ್ಬಿ ಕೊಳ್ಳಿ. ಎಸಿ ಕಾರಿನಿಂದ ಇಳಿದ ಕೂಡಲೇ ಬ್ಯಾಗ್ ತೆರೆಯಬೇಡಿ, ಗಾಜು ಬೆವರುತ್ತದೆ.

ಮರದ ಮೇಲಿನ ಸೀತಾಳೆ ದಂಡೆ ಹೂವಿಗೆ (ಆರ್ಕಿಡ್) ಇದು ಪ್ರಯೋಜನವಿಲ್ಲ. ಅದಕ್ಕೆ ಉದ್ದದ ಝೂಮ್ ಬೇಕು. ನೆಲದ ಹೂಗಳೇ ನಿಮ್ಮ ಆಸೆ ಅಂದರೆ, ಮಂಡಿ ಗಟ್ಟಿಯಿದ್ದರೆ, ತಗೊಳ್ಳಿ. ನಾನು ಐದಕ್ಕೆ ನಾಲ್ಕು ಕೊಡುತ್ತೇನೆ. ಮಾರುವ ಯೋಚನೆ ಇಲ್ಲ, ಮಾರಿದರೂ ಯಾರೂ ಕೊಳ್ಳುವುದಿಲ್ಲ. ರಿಂಗಿನ ರಬ್ಬರ್ ಸಡಿಲವಾಗಿ ಈಗ ಹಾಲಿನ ಪ್ಯಾಕೆಟ್ಟಿನ ರಬ್ಬರ್ ಬ್ಯಾಂಡ್ ಹಾಕಿದ್ದೇನೆ. ಹೋದ ವಾರ ಟಾರ್ಚ್ ಹಾಕಿ ನೋಡಿದಾಗ ಗಾಜಿನ ಅಂಚಿನಲ್ಲಿ ಮತ್ತೊಂದು ಎಳೆ ಕಂಡ ಹಾಗಿತ್ತು. ಫೋಟೊದಲ್ಲಿ ಇನ್ನೂ ಕಾಣುತ್ತಿಲ್ಲ. ಆಗಸ್ಟ್‌ನಲ್ಲಿ ಪದವಿಗೆ ಹೋಗಿ ಬಿಸಿಲಿಗೆ ಎದುರು ಹಿಡಿದಾಗ ಗೊತ್ತಾಗುತ್ತದೆ.